ಬೇಸ್‌ಮೆಂಟಿನ ಹಳೇ ಕಂಪ್ಯೂಟರ್, ಶಿರಸಿಯಿಂದ ಬಂದ ಫ್ಲಾಪಿ

ಟೊರಾಂಟೊದ ವಾಯವ್ಯಕ್ಕಿರುವ ವುಡ್‌ಬ್ರಿಡ್ಜ್ ಇಟಾಲಿಯನ್ನರ ಊರೆಂದೇ ಹೆಸರುವಾಸಿ. ಎರಡನೇ ಮಹಾಯುದ್ಧದ ನಂತರ ಕಟ್ಟಡ ಕೆಲಸಕ್ಕೆಂದು ಕೆನಡಾಕ್ಕೆ ಬಂದವರ ಮಕ್ಕಳು, ಮೊಮ್ಮಕ್ಕಳು ಇಲ್ಲಿ ದೊಡ್ಡ ದೊಡ್ಡ ಮನೆ ಕಟ್ಟಿಕೊಂಡಿದ್ದಾರೆ. ಸೆಪ್ಟೆಂಬರ್ ಬಂತೆಂದರೆ ಗ್ಯಾರೇಜುಗಳಲ್ಲಿ ಟೊಮೆಟೊ ಬೇಯಿಸಿ ವರ್ಷಕ್ಕಾಗುವಷ್ಟು ಸಾಸ್ ಬಾಟಲಿಗೆ ತುಂಬುತ್ತಾರೆ, ನಮ್ಮಲ್ಲಿ ಬೇಸಿಗೆಯಲ್ಲಿ ಹಪ್ಪಳ ಸಂಡಿಗೆ ಹಾಕಿದ ಹಾಗೆ. ಇತ್ತೀಚಿನ ವರ್ಷಗಳಲ್ಲಿ ನಮ್ಮಂಥ ಭಾರತೀಯ ಕುಟುಂಬಗಳೂ ಅವರ ನೆರೆಹೊರೆಯಾಗಿವೆ. ಇಲ್ಲಿನ ಮನೆಗಳಿಗೆ ಬೇಸ್‌ಮೆಂಟ್ ಇರುತ್ತದೆ. ಊರಿನ ಅಟ್ಟದಲ್ಲಿ ಏನೇನು ಸೇರುತ್ತದೋ ಅದೆಲ್ಲ ಇಲ್ಲಿ ಬೇಸ್‌ಮೆಂಟಿನಲ್ಲಿ ಸೇರುತ್ತದೆ. ನಮ್ಮ ಬೇಟೆಯ ಕಾಡು ಅದೇ.

ಬೇಟೆ ಹಳೇ ಕಂಪ್ಯೂಟರ್‌ಗಳದ್ದು. ನಾವು ನಾಲ್ಕು ಮನೆಯವರು ಆರು ವರ್ಷದಿಂದ ಇದನ್ನು ನಡೆಸಿದ್ದೇವೆ. ಒಬ್ಬರು ಶಿರಸಿ ಕಡೆಯವರು, ಒಬ್ಬರು ಮಂಡ್ಯ, ಒಬ್ಬರು ಬೆಂಗಳೂರಿನ ಮಲ್ಲೇಶ್ವರ, ಲೆಕ್ಕ ಬರೆಯುವವರು ದಾವಣಗೆರೆ. ಲೆಕ್ಕ ಎಂದದ್ದು ತಮಾಷೆಗಲ್ಲ. ಯಾವ ವಸ್ತು, ಯಾರಿಂದ, ಎಷ್ಟಕ್ಕೆ, ಯಾವ ಸ್ಥಿತಿಯಲ್ಲಿ ಎಂಬುದಕ್ಕೆ ನಮ್ಮಲ್ಲಿ ಲೆಡ್ಜರ್ ಇದೆ. ಒಂದು ವಸ್ತುವಿಗೆ 150 ಡಾಲರ್‌ಗಿಂತ ಹೆಚ್ಚು ಕೊಡಬಾರದೆಂಬ ನಿಯಮವಿದೆ. ಮನೆಯವರು ಒಪ್ಪಿದ್ದೇ ಆ ನಿಯಮದ ಮೇಲೆ. ಬೇಸಿಗೆಯ ಶನಿವಾರಗಳಲ್ಲಿ ಗ್ಯಾರೇಜ್ ಸೇಲ್, ಚಳಿಗಾಲದಲ್ಲಿ ಹಳೇ ಸಾಮಾನಿನ ಅಂಗಡಿ, ಯಾರಾದರೂ ಹಿರಿಯರು ತೀರಿಕೊಂಡು ಮನೆ ಮಾರುವಾಗ ನಡೆಯುವ ಎಸ್ಟೇಟ್ ಸೇಲ್, ಹೀಗೆ ಸುತ್ತುತ್ತೇವೆ.

ಈ ಹುಚ್ಚಿಗೆ ಟೊರಾಂಟೊಗಿಂತ ಒಳ್ಳೆಯ ಊರು ಸಿಗುವುದು ಕಷ್ಟ. ಜನರಿಗೆ ಕಂಪ್ಯೂಟರ್ ಎಂದರೆ ಕ್ಯಾಲಿಫೋರ್ನಿಯಾ ನೆನಪಾಗುತ್ತದೆ. ಆದರೆ ಆಪಲ್ ಕಂಪನಿ ಹುಟ್ಟುವುದಕ್ಕೆ ಮೂರು ವರ್ಷ ಮೊದಲೇ, 1973ರಲ್ಲಿ, ಟೊರಾಂಟೊದ ಮೈಕ್ರೊ ಕಂಪ್ಯೂಟರ್ ಮಷೀನ್ಸ್ ಎಂಬ ಸಣ್ಣ ಕಂಪನಿ ಎಂಸಿಎಂ/70 ಎಂಬ ಯಂತ್ರವನ್ನು ಜನರೆದುರು ಇಟ್ಟಿತ್ತು. ಅದರ ಹಿಂದಿದ್ದವರು ಮರ್ಸ್ ಕಟ್. ಮೇಜಿನ ಮೇಲೆ ಕೂರುವಷ್ಟು ಗಾತ್ರ, ಇಂಟೆಲ್ 8008 ಚಿಪ್, ಪರದೆಯ ಬದಲು ಒಂದೇ ಸಾಲು ಅಕ್ಷರ ತೋರಿಸುವ ಪಟ್ಟಿ, ಮಾಹಿತಿ ಉಳಿಸಲು ಹಾಡಿನ ಕ್ಯಾಸೆಟ್‌ನಂಥದ್ದೇ ಕ್ಯಾಸೆಟ್. ಒಬ್ಬರೇ ಕುಳಿತು ಬಳಸುವ ಕಂಪ್ಯೂಟರ್ ಎಂಬ ಯೋಚನೆಯೇ ಹೊಸದಾಗಿದ್ದ ಕಾಲ ಅದು. ಯಾರ್ಕ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜ್ಬಿಗ್ನಿಯೆವ್ ಸ್ತಾಖ್ನಿಯಾಕ್ ಈ ಯಂತ್ರದ ಕಥೆಯನ್ನು ಹುಡುಕಿ ತೆಗೆದು 2011ರಲ್ಲಿ ಪುಸ್ತಕ ಮಾಡಿದರು. ಅವರ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಮ್ಯೂಸಿಯಂ ಕೂಡ ಇದೆ. ವಾನ್ ಮೆಟ್ರೊಪಾಲಿಟನ್ ಸೆಂಟರ್‌ನಲ್ಲಿ ಸಬ್‌ವೇ ಹತ್ತಿದರೆ ಮೂರನೇ ನಿಲ್ದಾಣ. ಎಂಸಿಎಂ/70 ನಮ್ಮ ಕೈಗೆ ಎಂದೂ ಸಿಗುವುದಿಲ್ಲ, ಅದರ ಆಸೆಯೂ ನಮಗಿಲ್ಲ.

ಕಮೊಡೋರ್ ಕಥೆಯೂ ಇಲ್ಲೇ ಶುರುವಾದದ್ದು. ಆಶ್ವಿಟ್ಜ್ ಯಾತನಾ ಶಿಬಿರದಿಂದ ಬದುಕಿ ಬಂದ ಜ್ಯಾಕ್ ಟ್ರಾಮಿಯೆಲ್ 1950ರ ದಶಕದಲ್ಲಿ ಟೊರಾಂಟೊದಲ್ಲಿ ಟೈಪ್‌ರೈಟರ್ ವ್ಯಾಪಾರವಾಗಿ ತೆರೆದ ಕಂಪನಿ ಅದು. 1965ರಲ್ಲಿ ಅಟ್ಲಾಂಟಿಕ್ ಆಕ್ಸೆಪ್ಟೆನ್ಸ್ ಎಂಬ ಹಣಕಾಸು ಸಂಸ್ಥೆ ಮುಳುಗಿದಾಗ ಅದರ ನಂಟಿದ್ದ ಕಮೊಡೋರ್ ಕೂಡ ಮುಳುಗುವುದರಲ್ಲಿತ್ತು. ಇರ್ವಿಂಗ್ ಗೂಲ್ಡ್ ಎಂಬ ಕೆನಡಾದ ಹೂಡಿಕೆದಾರ ಹಣ ಹಾಕಿ ಉಳಿಸಿದರು. ಆ ಹಗರಣದ ವಿಚಾರಣಾ ಆಯೋಗದ ವರದಿ ಲೆಕ್ಕಪರಿಶೋಧಕರಿಗೆ ಪತ್ತೇದಾರಿ ಕಾದಂಬರಿಯಷ್ಟೇ ರುಚಿ. ಉಳಿದವರು ನಿದ್ದೆ ಬಂತು ಎನ್ನುತ್ತಾರೆ. ಅದೇ ಕಂಪನಿ 1977ರಲ್ಲಿ ಪೆಟ್ ಕಂಪ್ಯೂಟರ್ ತಂದಿತು, 1982ರಲ್ಲಿ ಕಮೊಡೋರ್ 64 ತಂದಿತು. ಅದು ಕೋಟಿಗೂ ಹೆಚ್ಚು ಮಾರಾಟವಾಯಿತು. 1994ರಲ್ಲಿ ಕಂಪನಿ ಮುಚ್ಚಿತು. ಆದರೆ 1979ರಲ್ಲಿ ಹುಟ್ಟಿದ ಟೊರಾಂಟೊ ಪೆಟ್ ಬಳಕೆದಾರರ ಸಂಘ ಇಂದಿಗೂ ಇದೆ. ಹಳಬರು ಯಂತ್ರಗಳನ್ನು ಹೊತ್ತು ತಂದು ಸೇರುವ ವರ್ಲ್ಡ್ ಆಫ್ ಕಮೊಡೋರ್ ಸಮಾವೇಶವನ್ನು ಅದೇ ನಡೆಸುತ್ತದೆ. ನಮಗೆ ಬೆಸುಗೆ ಹಾಕುವುದನ್ನು ಕಲಿಸಿದವರು ಇಂಥ ಹಳಬರೇ.

ನಿಜಕ್ಕೂ ಅಪರೂಪದ್ದು ಐಕಾನ್. ಒಂಟಾರಿಯೊ ಸರ್ಕಾರ ತನ್ನ ಶಾಲೆಗಳಿಗಾಗಿಯೇ ಮಾಡಿಸಿ 1984ರಿಂದ ಹಂಚಿದ ಕಂಪ್ಯೂಟರ್ ಇದು. ಮೌಸ್ ಬದಲು ಕೀಬೋರ್ಡಿನಲ್ಲೇ ಕೂತ ಒಂದು ಗುಂಡು, ಒಳಗೆ ಒಟ್ಟಾವಾದವರು ಬರೆದ ಕ್ಯೂಎನ್‌ಎಕ್ಸ್ ತಂತ್ರಾಂಶ. ಹತ್ತು ವರ್ಷದ ಮೇಲೆ ಯೋಜನೆ ನಿಂತಾಗ ಹೆಚ್ಚಿನವು ಗುಜರಿ ಸೇರಿದವು. ನಮಗೆ ಒಂದು ಸಿಕ್ಕಿದ್ದು ನಿವೃತ್ತ ಶಿಕ್ಷಕಿಯೊಬ್ಬರ ಬೇಸ್‌ಮೆಂಟಿನಲ್ಲಿ, 40 ಡಾಲರ್‌ಗೆ. ಅದನ್ನು ಹೊತ್ತಿಸಿದರೆ ಪರದೆ ಬೆಳಗುತ್ತದೆ, ಅಷ್ಟೇ. ಐಕಾನ್‌ಗೆ ಸ್ವಂತ ಡಿಸ್ಕ್ ಇಲ್ಲ. ಶಾಲೆಯ ಮೂಲೆಯಲ್ಲಿರುತ್ತಿದ್ದ ಲೆಕ್ಸಿಕಾನ್ ಎಂಬ ಸರ್ವರ್‌ನಿಂದ ತಂತಿಯ ಮೂಲಕ ಬಂದದ್ದನ್ನೇ ಅದು ಓದಬೇಕು. ಸರ್ವರ್ ಇಲ್ಲದ ಐಕಾನ್ ಎಂದರೆ ಒರಳಿಲ್ಲದ ಗುಂಡುಕಲ್ಲು. ಲೆಕ್ಸಿಕಾನ್ ಹುಡುಕಾಟ ನಡೆದಿದೆ.

ಹೀಗೆ ಕೆನಡಾದ ಯಂತ್ರಗಳನ್ನು ಸೇರಿಸುತ್ತಿದ್ದ ನಮ್ಮನ್ನು ಕರ್ನಾಟಕದ ಕಡೆಗೆ ತಿರುಗಿಸಿದ್ದು ಹನ್ನೆರಡು ಫ್ಲಾಪಿಗಳು.

ಶಿರಸಿಯ ಗೆಳೆಯರ ತಂದೆ ಸರ್ಕಾರಿ ಕಚೇರಿಯಲ್ಲಿದ್ದವರು. 1990ರ ದಶಕದ ನಡುವಿನಲ್ಲಿ ಅವರ ಕಚೇರಿಗೆ ಕನ್ನಡ ಮೂಡುವ ಕಂಪ್ಯೂಟರ್ ಬಂತು. ಕೀಲಿಮಣೆ ಕಲಿತ ಅವರು ದಿನದ ಕೆಲಸ ಮುಗಿದ ಮೇಲೆ ಮೇಲಧಿಕಾರಿಯ ಅನುಮತಿ ಪಡೆದು ಮನೆತನದ ಸಂಗತಿಗಳನ್ನು ಟೈಪು ಮಾಡಿಟ್ಟರು. ಅಡಿಕೆ ತೋಟದ ಲೆಕ್ಕ, ಕೊನೆಕೊಯ್ಲಿನ ನೆನಪು, ಅವರ ತಾಯಿ ಹೇಳುತ್ತಿದ್ದ ಅಡುಗೆ, ಯಾರ ಮದುವೆ ಯಾವ ವರ್ಷ ಎಂಬ ವಿವರ. 2009ರಲ್ಲಿ ಅವರು ತೀರಿಕೊಂಡರು. ಹಾಳೆಯ ಮೇಲೆ ಅಚ್ಚಾದದ್ದು ಒಂದೂ ಉಳಿದಿಲ್ಲ. ಫ್ಲಾಪಿಗಳು ಮಾತ್ರ ಮರದ ಪೆಟ್ಟಿಗೆಯಲ್ಲಿದ್ದವು. ಐದೂಕಾಲು ಇಂಚಿನವು, ಬಾಗಿದರೆ ಬಳುಕುವಂಥವು, ಒಂದೊಂದರಲ್ಲಿ 360 ಕಿಲೋಬೈಟ್. ಇಂದಿನ ಒಂದು ಮೊಬೈಲ್ ಫೋಟೊ ಹಿಡಿಸಲು ಇಂಥ ಹತ್ತು ಫ್ಲಾಪಿ ಬೇಕಾದೀತು. ಅಮ್ಮ ಅವನ್ನು ಸೀರೆಯ ನಡುವೆ ಸುತ್ತಿ ಮಗನ ಸೂಟ್‌ಕೇಸಿಗೆ ಹಾಕಿ ಕಳಿಸಿದರು.

ಓದಲು ಡ್ರೈವ್ ಬೇಕಲ್ಲ. ಅದು ಸಿಕ್ಕಿದ್ದು ಎದುರು ಮನೆಯ ಇಟಾಲಿಯನ್ ಅಜ್ಜನ ಬಳಿ. ನೆಲಕ್ಕೆ ಟೈಲ್ಸ್ ಹಾಕಿಸುವ ಗುತ್ತಿಗೆ ಅವರದ್ದು. 1980ರ ದಶಕದಲ್ಲಿ ಬಿಲ್ಲು ಬರೆಯಲು ತಂದ ಐಬಿಎಂ ಎಕ್ಸ್‌ಟಿ ಮಾದರಿಯ ಯಂತ್ರ ಟೊಮೆಟೊ ಬಾಟಲಿಗಳ ಹಿಂದೆ ಕೂತಿತ್ತು. ದುಡ್ಡು ಬೇಡವೆಂದರು. ಮಿಡಿ ಉಪ್ಪಿನಕಾಯಿ ಕೊಟ್ಟೆವು, ಅವರು ಮೇಲೆ ಎರಡು ಬಾಟಲಿ ಸಾಸ್ ಕೊಟ್ಟರು. ಲೆಡ್ಜರ್‌ನಲ್ಲಿ ಇದನ್ನು ಹೇಗೆ ತೋರಿಸುವುದೆಂದು ಇನ್ನೂ ತೀರ್ಮಾನವಾಗಿಲ್ಲ.

ಮಲೆನಾಡಿನ ಮಳೆ ಫ್ಲಾಪಿಗೂ ಬಿಟ್ಟಿರಲಿಲ್ಲ. ಕಿಟಕಿಯಂಥ ಸೀಳಿನಲ್ಲಿ ನೋಡಿದರೆ ಬೂಷ್ಟು, ಹುಣ್ಣಿಮೆಯ ಚಂದ್ರನ ಮೇಲಿನ ಕಲೆಗಳ ಹಾಗೆ. ಬೂಷ್ಟು ಹಿಡಿದ ಫ್ಲಾಪಿಯನ್ನು ನೇರ ಡ್ರೈವ್‌ಗೆ ಹಾಕಬಾರದು. ಓದುವ ಹೆಡ್ಡು ಅದನ್ನು ಉಜ್ಜಿ, ಮೇಲಿನ ಕಂದು ಲೇಪವನ್ನೇ ಕೆರೆದು ಹಾಕುತ್ತದೆ. ಹೋದ ಲೇಪದೊಂದಿಗೆ ಅಕ್ಷರವೂ ಹೋಯಿತು. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಮೆತ್ತನೆಯ ಕಡ್ಡಿಯಿಂದ ಡಿಸ್ಕನ್ನು ಬೆರಳಲ್ಲಿ ತಿರುಗಿಸುತ್ತ ಒಂದೊಂದಾಗಿ ಒರೆಸಿದೆವು. ಹನ್ನೆರಡಕ್ಕೆ ನಾಲ್ಕು ಭಾನುವಾರ ಹಿಡಿಯಿತು. ನಂತರ ಡ್ರೈವನ್ನು ಗ್ರೀಸ್‌ವೀಜಲ್ ಎಂಬ ಸಣ್ಣ ಬೋರ್ಡ್ ಮೂಲಕ ಲ್ಯಾಪ್‌ಟಾಪ್‌ಗೆ ಸೇರಿಸಿದೆವು. ಅದು ಫ್ಲಾಪಿಯ ಕಾಂತೀಯ ಗುರುತುಗಳನ್ನು ಇದ್ದಂತೆಯೇ ನಕಲು ಮಾಡಿಕೊಳ್ಳುತ್ತದೆ. ಮೂಲವನ್ನು ಮತ್ತೆ ಮತ್ತೆ ಮುಟ್ಟಬೇಕಿಲ್ಲ.

ಫೈಲ್ ತೆರೆದರೆ ಕನ್ನಡವಿಲ್ಲ! ಕೊಂಬು, ಗೆರೆ, ಯುರೋಪಿನ ಅಕ್ಷರಗಳ ಕಲಸುಮೇಲೋಗರ. ಕಾರಣವಿದೆ. ಆಗ ಯೂನಿಕೋಡ್ ಬಳಕೆಗೆ ಬಂದಿರಲಿಲ್ಲ. ಕಾನ್ಪುರದ ಐಐಟಿಯಲ್ಲಿ 1980ರ ದಶಕದಲ್ಲಿ ರೂಪುಗೊಂಡು ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ಜಿಸ್ಟ್ ಕಾರ್ಡನ್ನು ಕಂಪ್ಯೂಟರಿನ ಒಳಗೆ ಸಿಕ್ಕಿಸಿದರೆ ಪರದೆಯ ಮೇಲೆ ಭಾರತೀಯ ಲಿಪಿ ಮೂಡುತ್ತಿತ್ತು. ಅಂಗೈ ಅಗಲದ ಹಸಿರು ಹಲಗೆಯ ಮೇಲೆ ಚಿಪ್‌ಗಳು, ಕೆಳಗೆ ಹೊಳೆಯುವ ಹಲ್ಲುಗಳು. ಅಕ್ಷರಗಳನ್ನು ಇಸ್ಕಿ ಎಂಬ ಸಂಕೇತದಲ್ಲಿ ಉಳಿಸುತ್ತಿತ್ತು. 1991ರಲ್ಲಿ ಅದು ಭಾರತೀಯ ಮಾನಕವೂ ಆಯಿತು. ಅದರ ವಿಶೇಷವೆಂದರೆ ‘ಕ’ ಕನ್ನಡದ್ದಿರಲಿ, ಹಿಂದಿಯದ್ದಿರಲಿ, ತೆಲುಗಿನದ್ದಿರಲಿ, ಸಂಖ್ಯೆ ಒಂದೇ. ಯಾವ ಲಿಪಿಯಲ್ಲಿ ತೋರಿಸಬೇಕೆಂದು ಹೇಳುವುದು ನಮ್ಮ ಕೆಲಸ.

ಇಸ್ಕಿಯನ್ನು ಯೂನಿಕೋಡ್‌ಗೆ ಬದಲಿಸುವ ಕೋಷ್ಟಕ ಇಟ್ಟುಕೊಂಡು ಮಂಡ್ಯದ ಗೆಳೆಯರು ಪುಟ್ಟ ಪ್ರೋಗ್ರಾಂ ಬರೆದರು. ಮೊದಲ ಫೈಲ್ ತೆರೆದುಕೊಂಡಿತು, ದೇವನಾಗರಿಯಲ್ಲಿ. ಕನ್ನಡದ ಮಾತುಗಳು, ಹಿಂದಿಯ ಅಕ್ಷರಗಳು. ನಾಲ್ವರೂ ತಲೆಗೆ ತಲೆ ತಾಗಿಸಿ, ಕೂಡಿಸಿ ಕೂಡಿಸಿ ಓದಿದರೆ ಅದು ಅಪ್ಪೆಹುಳಿ ಮಾಡುವ ಕ್ರಮ. ಲಿಪಿ ಕನ್ನಡಕ್ಕೆ ಬದಲಿಸಿದ ಮೇಲೆ ಗೆಳೆಯರು ಕುರ್ಚಿ ಎಳೆದುಕೊಂಡು ಒಬ್ಬರೇ ಓದತೊಡಗಿದರು. ಉಳಿದವರು ಚಹಾ ಮಾಡುವ ನೆಪದಲ್ಲಿ ಮೇಲೆ ಹೋದೆವು.

ಹನ್ನೆರಡರಲ್ಲಿ ಒಂಬತ್ತು ಪೂರ್ತಿ ಓದಿದವು. ಎರಡರಲ್ಲಿ ಅಲ್ಲಲ್ಲಿ ತೂತು. ಒಂದು ಇನ್ನೂ ಬಾಯಿ ಬಿಟ್ಟಿಲ್ಲ.

ಅಕ್ಷರ ಸಿಕ್ಕಿತಲ್ಲ, ಇನ್ನು ಕಾರ್ಡ್ ಏಕೆ ಎಂದು ಮನೆಯಲ್ಲಿ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಅಜ್ಜನ ಎಕ್ಸ್‌ಟಿ ಯಂತ್ರದಲ್ಲಿ ಜಿಸ್ಟ್ ಕಾರ್ಡ್ ಕೂರುವ ಖಾಲಿ ಜಾಗವಿದೆ. ಆ ತಂದೆ ಕಂಡ ಕನ್ನಡ, ಕಪ್ಪು ಪರದೆಯ ಮೇಲೆ ದಪ್ಪ ಚುಕ್ಕೆಗಳಲ್ಲಿ ಮೂಡುವ ಅಕ್ಷರ, ಅದೇ ರೂಪದಲ್ಲಿ ಒಮ್ಮೆ ಕಾಣಬೇಕೆಂಬ ಹಟ ನಮಗೆ. ಕೆನಡಾದಲ್ಲಿ ಅದು ಸಿಗುವ ವಸ್ತುವಲ್ಲ. ಸಿಕ್ಕರೆ ಕರ್ನಾಟಕದಲ್ಲೇ ಸಿಗಬೇಕು. ಯಾವುದೋ ಕಚೇರಿಯ ದಾಸ್ತಾನು ಕೊಠಡಿಯಲ್ಲಿ, ಇಲ್ಲವೇ ಹರಾಜಿನಲ್ಲಿ ಹಳೇ ಕಂಪ್ಯೂಟರ್ ಕೊಂಡವರ ಅಟ್ಟದಲ್ಲಿ.

ನಮ್ಮ ಪಟ್ಟಿಯಲ್ಲಿ ಖಾಲಿ ಇರುವ ಇನ್ನೊಂದು ಸಾಲು ವಿಪ್ರೊ. ಸಾಬೂನು, ವನಸ್ಪತಿ ಮಾಡುತ್ತಿದ್ದ ಕಂಪನಿ 1980ರ ದಶಕದಲ್ಲಿ ಕಂಪ್ಯೂಟರ್‌ಗೆ ಕೈ ಹಾಕಿ ಮೈಸೂರಿನ ಕಾರ್ಖಾನೆಯಲ್ಲಿ ತಯಾರಿಸುತ್ತಿತ್ತು. ಆ ಹೆಸರಿನ ಚೀಟಿ ಇರುವ ಒಂದಾದರೂ ಪೆಟ್ಟಿಗೆ ಬೇಕು. ಸಿಂಪ್ಯೂಟರ್ ಮಾತ್ರ ಸಿಕ್ಕಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಹಾಗೂ ಎನ್‌ಕೋರ್ ಕಂಪನಿಯವರು ಸೇರಿ ರೂಪಿಸಿದ, ಅಂಗೈಯಲ್ಲಿ ಹಿಡಿಯುವ ಕಂಪ್ಯೂಟರ್ ಅದು. ಓದು ಬಾರದ ಹಳ್ಳಿಗರಿಗೆ ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳಬೇಕು, ಒಂದೇ ಯಂತ್ರವನ್ನು ಸ್ಮಾರ್ಟ್ ಕಾರ್ಡ್ ಹಾಕಿ ಊರಿನವರೆಲ್ಲ ಹಂಚಿಕೊಳ್ಳಬೇಕು ಎಂಬ ಯೋಚನೆ. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ಅಮಿಡಾ ಸಿಂಪ್ಯೂಟರ್ ಮಾರುಕಟ್ಟೆಗೆ ಬಂತು. ಅಲ್ಲಾಡಿಸಿದರೆ ಗುರುತಿಸುವ ಸೆನ್ಸರ್ ಕೂಡ ಇತ್ತು. ಐಫೋನ್ ಬಂದದ್ದು 2007ರಲ್ಲಿ ಎಂಬುದನ್ನು ನೆನಪಿಸಿಕೊಳ್ಳಿ. ಆದರೆ ಮೊಬೈಲ್ ಅಗ್ಗವಾಗುತ್ತ ಹೋಯಿತು, ಇದು ಮಾರಾಟವಾಗಲಿಲ್ಲ. ಯಂತ್ರ ಕೆಟ್ಟದ್ದಿತ್ತೆಂದು ನಮಗನ್ನಿಸುವುದಿಲ್ಲ, ಹತ್ತು ಸಾವಿರ ರೂಪಾಯಿ ಆಸುಪಾಸಿನ ಬೆಲೆಗೆ ಅದನ್ನು ಕೊಳ್ಳಬೇಕಾದವರ ಬಳಿ ಹಣವಿರಲಿಲ್ಲ. ಮಲ್ಲೇಶ್ವರದ ಗೆಳೆಯರ ಸೋದರಮಾವನ ಮೇಜಿನ ಡ್ರಾಯರ್‌ನಲ್ಲಿ ಒಂದಿತ್ತು. ಬ್ಯಾಟರಿ ಉಬ್ಬಿತ್ತು. ಉಬ್ಬಿದ ಬ್ಯಾಟರಿ ವಿಮಾನದಲ್ಲಿ ತರುವಂತಿಲ್ಲ, ತೆಗೆದು ಅಲ್ಲೇ ಇ-ತ್ಯಾಜ್ಯಕ್ಕೆ ಕೊಟ್ಟು, ಯಂತ್ರವನ್ನಷ್ಟೇ ಅತ್ತೆಯವರು ಬರುವಾಗ ತಂದರು.

ಊರಿನಲ್ಲಿರುವ ನಮ್ಮವರಿಗೆ ಒಂದೆರಡು ಮಾತು. ಅಟ್ಟ ಇಳಿಸುವಾಗ ಹಳೇ ಕಂಪ್ಯೂಟರ್ ಸಿಕ್ಕರೆ ಪ್ಲಗ್ ಹಾಕಿ ನೋಡಲು ಹೋಗಬೇಡಿ. ಹಳೇ ಪಿಕ್ಚರ್ ಟ್ಯೂಬಿನ ಮಾನಿಟರನ್ನಂತೂ ಬಿಚ್ಚಲೇಬೇಡಿ, ಆರಿಸಿಟ್ಟಿದ್ದರೂ ಒಳಗೆ ವಿದ್ಯುತ್ ಉಳಿದಿರಬಹುದು. 286, 386, 486 ಯಂತ್ರಗಳ ಬೋರ್ಡಿನ ಮೇಲೆ ಪೀಪಾಯಿಯಂಥ ಸಣ್ಣ ಬ್ಯಾಟರಿ ಇರುತ್ತದೆ. ಅದು ಸೋರಿ ಹಸಿರುಗಟ್ಟಿ ಸುತ್ತಲಿನ ತಂತಿಗಳನ್ನು ತಿನ್ನುತ್ತದೆ. ತಿಳಿದವರಿಂದ ಕತ್ತರಿಸಿ ತೆಗೆಸಿಬಿಡಿ. ಇಲ್ಲಿಗೆ ತರುವುದಾದರೆ ಹಿಂಬದಿಯಲ್ಲಿ 115 ಹಾಗೂ 230 ಎಂಬ ಕೆಂಪು ಸ್ವಿಚ್ ಇದೆಯೇ ನೋಡಿ. ಕೆನಡಾದ ಕರೆಂಟು 120 ವೋಲ್ಟ್. ಇಲ್ಲಿಂದ ಊರಿಗೆ ಒಯ್ಯುವವರು ಸ್ವಿಚ್ ಬದಲಿಸದಿದ್ದರೆ ಹೊಗೆಯೇ ಗತಿ. ಫ್ಲಾಪಿಗಳನ್ನು ಸ್ಪೀಕರ್, ಅಯಸ್ಕಾಂತದಿಂದ ದೂರವಿಡಿ, ಬಿಸಿಲಿಗೆ ಒಣಗಿಸಬೇಡಿ. ಎಲ್ಲಕ್ಕಿಂತ ಮೊದಲು, ಗುಜರಿಯವನಿಗೆ ತೂಕಕ್ಕೆ ಹಾಕುವ ಮುನ್ನ ಮಗನಿಗೋ ಮಗಳಿಗೋ ಒಂದು ಫೋಟೊ ಕಳಿಸಿ. ಜಿಸ್ಟ್ ಕಾರ್ಡ್ ಎಂದು ಅನುಮಾನ ಬಂದರೂ ಸಾಕು, ಈ ಪುಟದ ವಿಳಾಸಕ್ಕೆ ಬರೆದರೆ ನಮಗೆ ತಲುಪುತ್ತದೆ. ಸಾಗಣೆ ವೆಚ್ಚ ನಮ್ಮದು. 150 ಡಾಲರ್ ನಿಯಮವನ್ನು ಈ ಒಂದಕ್ಕೆ ಸಡಿಲಿಸಿಕೊಳ್ಳಲು ಮನೆಯವರ ಒಪ್ಪಿಗೆ ಸಿಕ್ಕಿದೆ.

ಓದದೇ ಉಳಿದ ಆ ಒಂದು ಫ್ಲಾಪಿಯ ಮೇಲೆ ತಂದೆಯ ಕೈಬರಹದಲ್ಲಿ ‘ಮನೆ ಕಟ್ಟಿದ್ದು’ ಎಂದಿದೆ. ಶಿರಸಿಯಲ್ಲಿ ಅಮ್ಮ ಈಗಲೂ ಇರುವುದು ಅದೇ ಮನೆಯಲ್ಲಿ. ಮರ ಎಲ್ಲಿಂದ ಬಂತು, ಸಾಲ ಯಾರು ಕೊಟ್ಟರು, ಗೃಹಪ್ರವೇಶಕ್ಕೆ ಎಷ್ಟು ಜನ ಬಂದರು ಎಂಬುದೆಲ್ಲ ಅದರಲ್ಲಿ ಇರಬೇಕೆಂದು ಅವರ ಊಹೆ. ಸೋದರತ್ತೆಯೊಬ್ಬರು ಬಳೆ ಮಾರಿ ಕೊಟ್ಟ ಹಣದ ವಿಷಯ ಬರೆದಿದ್ದಾರೋ ಇಲ್ಲವೋ ತಿಳಿಯಬೇಕು ಅವರಿಗೆ. ಪ್ರತಿ ಭಾನುವಾರ ಫೋನಿನಲ್ಲಿ ಮೊದಲ ಮಾತೇ ‘ಎಂತಾತೋ ತಮಾ’. ಟೊರಾಂಟೊದ ಹಳಬರೊಬ್ಬರ ಬಳಿ ಹೆಡ್ಡನ್ನು ಕೂದಲೆಳೆಯಷ್ಟು ಆಚೀಚೆ ಸರಿಸಿ ಓದಿಸಬಲ್ಲ ಡ್ರೈವ್ ಇದೆಯಂತೆ. ಬರುವ ಶನಿವಾರ ಫ್ಲಾಪಿ ಹಿಡಿದುಕೊಂಡು ಅವರಲ್ಲಿಗೆ ಹೋಗುತ್ತಿದ್ದೇವೆ.