ಕ್ಲಚ್ಚಿನ ಸದ್ದು

ಹಳೆಯ ಕಾರನ್ನು ಕೊಂಡವರಿಗೆಲ್ಲ ಒಂದಲ್ಲ ಒಂದು ದಿನ ಎದುರಾಗುವ ಪ್ರಶ್ನೆಯೊಂದನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಕಾರು ಓಡುತ್ತಿದೆ, ಗೇರು ಸರಿಯಾಗಿ ಬೀಳುತ್ತಿದೆ, ಏರಿನಲ್ಲಿಯೂ ಸೋಲುತ್ತಿಲ್ಲ. ಆದರೆ ಕ್ಲಚ್ಚನ್ನು ತುಳಿದೊಡನೆ ಒಳಗೆಲ್ಲೋ ಒಂದು ಸದ್ದು. ಇದನ್ನು ಈಗಲೇ ರಿಪೇರಿ ಮಾಡಿಸಬೇಕೆ, ಓಡುವಷ್ಟು ದಿನ ಓಡಲಿ ಎಂದು ಸುಮ್ಮನಿರಬಹುದೆ?

ಮೂರು ದಶಕಗಳಿಗೂ ಮಿಗಿಲಾಗಿ ಕನ್ನಡ ಪಾಠ ಹೇಳಿದವನಿಗೆ ಈ ವಿಷಯದ ಗೊಡವೆಯೇಕೆ ಎಂದು ನೀವು ಕೇಳಬಹುದು. ನಿವೃತ್ತನಾದ ಮೇಲೆ ನಾನು ಕೊಂಡದ್ದು, ಮತ್ತೊಬ್ಬರು ಹನ್ನೊಂದು ವರ್ಷ ಓಡಿಸಿದ್ದ ಒಂದು ಸಣ್ಣ ಕಾರು. ಈಗ ಅದಕ್ಕೆ ಹದಿಮೂರು ತುಂಬಿದೆ. ನನ್ನ ಪತ್ನಿಗೆ ತಿಂಗಳಿಗೊಮ್ಮೆ ಕಣ್ಣಿನೊಳಗೆ ಇಂಜೆಕ್ಷನ್ ಕೊಡಿಸಲು ತೀರ್ಥಹಳ್ಳಿಯಿಂದ ಮಣಿಪಾಲಕ್ಕೆ ಹೋಗಿಬರಬೇಕು. ನಡುವೆ ಆಗುಂಬೆ ಘಾಟಿ; ೧೪ ಹೇರ್‌ಪಿನ್ ತಿರುವುಗಳು. ಬೆಳಿಗ್ಗೆ ಇಳಿದು ಸಂಜೆ ಏರಬೇಕು. ಏರುವಾಗ ಪಕ್ಕದಲ್ಲಿ ಕುಳಿತವರ ಒಂದು ಕಣ್ಣಿಗೆ ಪಟ್ಟಿ. ಇಂಜೆಕ್ಷನ್ನಿನ ದಿನವನ್ನು ಮುಂದೂಡುವಂತಿಲ್ಲ. ಹೀಗಾಗಿ ಈ ಸದ್ದು ನನ್ನ ಮಟ್ಟಿಗೆ ಸಣ್ಣ ಸಂಗತಿಯಾಗಿರಲಿಲ್ಲ. ನಾಲ್ಕು ಜನರನ್ನು ಕೇಳಿ, ಕಾರಿನ ಕೆಳಗೂ ಬಗ್ಗಿ ನೋಡಿ ತಿಳಿದುಕೊಂಡುದನ್ನು ನಿಮ್ಮ ಮುಂದಿಡುತ್ತೇನೆ.

ಕ್ಲಚ್ಚಿಗೆ ನಾವು ಕನ್ನಡದ ಹೆಸರನ್ನು ಕೊಡಲಿಲ್ಲ. ಕೊಡದಿದ್ದುದೇ ಲೇಸಾಯಿತು. 'ಕ್ಲಚ್' ಎಂಬ ಇಂಗ್ಲಿಷ್ ಶಬ್ದ ನಮ್ಮ ಬಾಯಿಗೆ ಬಂದೊಡನೆ ಚಕಾರಕ್ಕೆ ಒತ್ತು ಸೇರಿ, ಉಕಾರ ಕೂಡಿ, 'ಕ್ಲಚ್ಚು' ಆಯಿತು. ಕ್ಲಚ್ಚಿನಿಂದ, ಕ್ಲಚ್ಚಿಗೆ ಎಂದು ವಿಭಕ್ತಿಗಳೆಲ್ಲ ಹೊಂದಿಕೊಂಡವು. ಹಿಡಿ, ಕೈಬಿಗಿ ಎಂಬುದು ಅದರ ಮೂಲಾರ್ಥ. ಅದು ಮಾಡುವ ಕೆಲಸವೂ ಅದೇ. ಎಂಜಿನ್ನು ಒಮ್ಮೆ ಹೊತ್ತಿಕೊಂಡ ಮೇಲೆ ತಿರುಗುತ್ತಲೇ ಇರಬೇಕು. ಚಕ್ರಗಳಾದರೋ ಆಗಾಗ ನಿಲ್ಲಬೇಕು. ತಿರುಗುವುದಕ್ಕೂ ನಿಲ್ಲುವುದಕ್ಕೂ ನಡುವೆ ಬೇಕೆಂದಾಗ ಹಿಡಿದುಕೊಳ್ಳುವ, ಬೇಡವೆಂದಾಗ ಬಿಟ್ಟುಬಿಡುವ ಒಂದು ಕೊಂಡಿ ಬೇಕು. ತಿರುಗುತ್ತಿರುವ ಬೀಸುವ ಕಲ್ಲಿನ ಮೇಲೆ ಇನ್ನೊಂದು ಕಲ್ಲನ್ನು ಮೆಲ್ಲಗೆ ಇಳಿಸಿದರೆ ಮೊದಲು ಉಜ್ಜಿ, ಆಮೇಲೆ ಅದೂ ಜೊತೆಯಲ್ಲೇ ತಿರುಗುವುದಲ್ಲವೆ? ಕ್ಲಚ್ಚಿನ ತತ್ತ್ವ ಇಷ್ಟೇ.

ಎಂಜಿನ್ನಿನ ಬೆನ್ನಿಗೆ ಫ್ಲೈವೀಲ್ ಎಂಬ ಭಾರವಾದ ಗಾಲಿ. ಅದಕ್ಕೆ ಒರಗಿ ಕ್ಲಚ್ ಪ್ಲೇಟು. ಇದರ ಎರಡು ಮೈಗೂ ಬ್ರೇಕಿಗೆ ಹಾಕುವಂಥ ಉಜ್ಜು ಪದಾರ್ಥದ ಹೊದಿಕೆ. ಪ್ಲೇಟಿನ ನಡುವಿನಿಂದ ಹೊರಟ ದಂಡ ಗೇರ್‌ಬಾಕ್ಸಿನೊಳಕ್ಕೆ ಹೋಗುತ್ತದೆ. ಪ್ಲೇಟನ್ನು ಫ್ಲೈವೀಲಿಗೆ ಒತ್ತಿ ಹಿಡಿಯುವುದು ಪ್ರೆಷರ್ ಪ್ಲೇಟು. ಅದರ ಸ್ಪ್ರಿಂಗು, ಈಗಿನ ಕಾರುಗಳಲ್ಲಿ, ಬಟ್ಟಲಿನಾಕಾರದ ಒಂದೇ ಉಕ್ಕಿನ ತಗಡು; ನಡುವಿನ ಕಡೆಗೆ ಕಮಲದ ಎಸಳುಗಳಂತೆ ಸೀಳಿರುತ್ತದೆ. ನಾವು ಪೆಡಲು ತುಳಿದಾಗ ಒಂದು ಬೇರಿಂಗು ಮುಂದೆ ಸರಿದು ಈ ಎಸಳುಗಳ ತುದಿಯನ್ನು ಒತ್ತುತ್ತದೆ, ಹಿಡಿತ ಸಡಿಲಾಗುತ್ತದೆ. ಇದೇ ರಿಲೀಸ್ ಬೇರಿಂಗು. ಎಸಳುಗಳು ಎಂಜಿನ್ನಿನ ಜೊತೆ ಭರದಿಂದ ಸುತ್ತುತ್ತಿರುತ್ತವೆ. ಅವನ್ನು ಒತ್ತುವ ಕವಲು ಸುತ್ತುವುದಿಲ್ಲ. ಸುತ್ತುವುದಕ್ಕೂ ಸುತ್ತದ್ದಕ್ಕೂ ನಡುವೆ ಸಿಕ್ಕಿಕೊಂಡದ್ದು ಈ ಬೇರಿಂಗು. ಸಿಗ್ನಲ್ಲಿನಲ್ಲಿ ಗೇರು ಹಾಕಿ ಕ್ಲಚ್ಚು ತುಳಿದುಕೊಂಡೇ ನಿಲ್ಲುವವರು ಅದನ್ನು ದಿನವೂ ಅಷ್ಟಷ್ಟು ಸವೆಸುತ್ತಿರುತ್ತಾರೆ.

ನಮ್ಮೂರಿನ ಗ್ಯಾರೇಜಿನ ಮೇಸ್ತ್ರಿ, ನಾನು ಕಾರು ನಿಲ್ಲಿಸಿದೊಡನೆ ಬಾನೆಟ್ಟು ತೆಗೆಯಲಿಲ್ಲ. "ಮೇಷ್ಟ್ರೇ, ಸದ್ದು ಹೆಂಗೆ ಬರ್ತದೆ, ಬಾಯಲ್ಲಿ ಹೇಳಿ" ಎಂದ. ಅದು ತಮಾಷೆಯ ಮಾತಲ್ಲ. ವೈದ್ಯನು ನಾಡಿ ಹಿಡಿದಂತೆ. ಕನ್ನಡದಲ್ಲಿ ಅನುಕರಣ ಶಬ್ದಗಳ ಸಂಪತ್ತು ದೊಡ್ಡದು. ೧೩ನೆಯ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ಇವನ್ನು ಅವ್ಯಯಗಳ ನಡುವೆ ಸೇರಿಸಿ ವಿಚಾರ ಮಾಡಿದ್ದಾನೆ. ತರಗತಿಯಲ್ಲಿ ಇವನ್ನು ಪರೀಕ್ಷೆಗೆ ಬರುವ ಎರಡು ಅಂಕದ ಪ್ರಶ್ನೆಯೆಂದು ಮುಗಿಸುವುದು ವಾಡಿಕೆ. ಗ್ಯಾರೇಜಿನಲ್ಲಿ ಅವಕ್ಕೆ ಸಾವಿರಾರು ರೂಪಾಯಿಯ ಬೆಲೆ. ಗರಗರ ಬೇರೆ, ಕಿರಕಿರ ಬೇರೆ, ಕಟಕಟ ಬೇರೆ, ಗಡಗಡ ನಡುಗುವುದೇ ಬೇರೆ. ಒಂದೊಂದೂ ಒಂದೊಂದು ಜಾಗದಿಂದ ಬರುತ್ತದೆ.

ಸದ್ದಿನ ಬಗೆಗಿಂತಲೂ ಅದು ಬರುವ ಸಮಯ ಮುಖ್ಯ. ಮೊದಲು ಎಂಜಿನ್ನನ್ನು ನಿಲ್ಲಿಸಿ ಪೆಡಲನ್ನು ಮೇಲೆ ಕೆಳಗೆ ಮಾಡಿ ನೋಡಬೇಕು. ಆಗಲೂ ಕಿರ್ ಎಂದರೆ ಅದು ಪೆಡಲಿನ ಕೀಲಿನದೋ, ಕೇಬಲ್ಲಿನದೋ, ಕವಲಿನದೋ ಕೂಗು. ಎಣ್ಣೆಯನ್ನೋ ಗ್ರೀಸನ್ನೋ ಬೇಡುತ್ತಿದೆ. ಅಷ್ಟು ಕೊಟ್ಟು ಮನೆಗೆ ಹೋಗಬಹುದು. ಇಷ್ಟಕ್ಕೇ ಗೇರ್‌ಬಾಕ್ಸ್ ಇಳಿಸಿದ ಕಥೆಗಳನ್ನೂ ಕೇಳಿದ್ದೇನೆ.

ಇನ್ನು ಎಂಜಿನ್ನನ್ನು ಚಾಲೂ ಮಾಡಿ, ಗೇರನ್ನು ನ್ಯೂಟ್ರಲ್ಲಿನಲ್ಲಿಟ್ಟು, ಕಾಲನ್ನು ಪೆಡಲಿನಿಂದ ತೆಗೆದು ಕಿವಿಗೊಡಬೇಕು. ಈಗ ಗುಂಯ್ಗುಡುವ ಸದ್ದಿದ್ದು, ಕ್ಲಚ್ಚು ತುಳಿದೊಡನೆ ಅದು ನಿಂತರೆ, ದೋಷ ಹೆಚ್ಚಾಗಿ ಗೇರ್‌ಬಾಕ್ಸಿನ ಒಳದಂಡದ ಬೇರಿಂಗಿನದು. ಏಕೆಂದರೆ ತುಳಿದಾಗ ಪ್ಲೇಟು ಬಿಡುಗಡೆಯಾಗಿ ಆ ದಂಡ ತಿರುಗುವುದನ್ನು ನಿಲ್ಲಿಸುತ್ತದೆ. ಸದ್ದಿಗೆ ಕಾರಣವೇ ಇಲ್ಲವಾಗುತ್ತದೆ. ಇದು ಕ್ಲಚ್ಚಿನ ರೋಗವಲ್ಲ. ಕ್ಲಚ್ಚು ಬದಲಾಯಿಸಿದರೆ ಹೋಗುವುದೂ ಇಲ್ಲ. ಇದಕ್ಕೆ ತಿರುಗುಮುರುಗಾಗಿ, ಸುಮ್ಮನಿದ್ದಾಗ ಸದ್ದಿಲ್ಲದೆ, ಪೆಡಲನ್ನು ಒಂದಂಗುಲ ಒತ್ತಿದೊಡನೆ ಗರಗರ ಎದ್ದರೆ ಅದು ರಿಲೀಸ್ ಬೇರಿಂಗು. ನನ್ನ ಕಾರಿನದು ಈ ಜಾತಿಯದು. ಕೆಲವು ಹೊಸ ಮಾದರಿಗಳಲ್ಲಿ ಬೇರಿಂಗು ಯಾವಾಗಲೂ ಎಸಳುಗಳಿಗೆ ತಾಗಿಯೇ ಇರುವುದರಿಂದ ಈ ಭೇದ ಅಷ್ಟು ಸ್ಪಷ್ಟವಾಗಿ ಕೇಳಿಸದು. ಅಲ್ಲಿ ಪಳಗಿದ ಕಿವಿಯೇ ಬೇಕು. ಕಾರು ಹೊರಡುವಾಗ ಮಾತ್ರ ಗಡಗಡ ನಡುಗಿದರೆ ಪ್ಲೇಟಿಗೆ ಎಣ್ಣೆ ತಗಲಿರಬಹುದು, ಅದರ ಮೈ ಸುಟ್ಟು ನುಣುಪಾಗಿರಬಹುದು, ಅಥವಾ ಎಂಜಿನ್ನನ್ನು ಹೊತ್ತ ರಬ್ಬರ್ ಮೌಂಟಿಂಗು ಹರಿದಿರಬಹುದು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಸದ್ದು ಮಾಡುವ ಕ್ಲಚ್ಚೆಲ್ಲ ಕೆಟ್ಟದ್ದಲ್ಲ. ಸದ್ದಿಲ್ಲದ್ದೆಲ್ಲ ನೆಟ್ಟಗಿರುವುದೂ ಅಲ್ಲ. ಪ್ಲೇಟು ಸವೆದು ಜಾರತೊಡಗಿದಾಗ ಅದು ಕೂಗಿಕೊಳ್ಳದೆ ಸಾಯುತ್ತದೆ. ಮೇಲಿನ ಗೇರಿನಲ್ಲಿ ಏರು ಹತ್ತುತ್ತ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ನು ಮಾತ್ರ ಅರಚಿ, ಕಾರು ಮುಂದೆ ಹೋಗದಿದ್ದರೆ ಜಾರುತ್ತಿದೆಯೆಂದು ಅರ್ಥ. ಸುಟ್ಟ ವಾಸನೆ ಬಂದರಂತೂ ಹೇಳಬೇಕಾದ್ದೇ ಇಲ್ಲ. ಮೇಸ್ತ್ರಿ ಕಾರನ್ನು ಸಮತಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಬಿಗಿದು, ಬ್ರೇಕನ್ನೂ ತುಳಿದು, ನಾಲ್ಕನೆಯ ಗೇರಿಗೆ ಹಾಕಿ ಕ್ಲಚ್ಚನ್ನು ಬಿಟ್ಟ. ಎಂಜಿನ್ನು ತಟ್ಟನೆ ಸತ್ತಿತು. ಸಾಯಬೇಕಾದ್ದೇ; ಸಾಯದೆ ತಿರುಗುತ್ತಿದ್ದರೆ ಪ್ಲೇಟಿಗೆ ಹಿಡಿತವಿಲ್ಲ. ಈ ಪರೀಕ್ಷೆಯನ್ನು ಒಮ್ಮೆ ಮಾಡಿದರೆ ಸಾಕು. ಮತ್ತೆ ಮತ್ತೆ ಮಾಡಿದರೆ ಪರೀಕ್ಷೆಯೇ ಪ್ಲೇಟನ್ನು ಸುಟ್ಟೀತು.

ಗ್ಯಾರೇಜಿಗೆ ಹಣ ಕೊಡುವ ಮುಂಚೆ ಆಗಬೇಕಾದ ಇನ್ನೊಂದು ಕೆಲಸವುಂಟು. ಕೇಬಲ್ಲಿನಿಂದ ನಡೆಯುವ ಕ್ಲಚ್ಚುಗಳಲ್ಲಿ ಪೆಡಲಿನ ಮೇಲ್ತುದಿಯಲ್ಲಿ ಸ್ವಲ್ಪ ಸಡಿಲ, ಅಂದರೆ ಫ್ರೀ ಪ್ಲೇ ಇರಬೇಕು. ಪ್ಲೇಟು ಸವೆದಂತೆ ಎಸಳುಗಳು ಬೇರಿಂಗಿನ ಕಡೆಗೆ ಬಾಗಿ ಬರುತ್ತವೆ. ಸಡಿಲ ಕಡಮೆಯಾಗುತ್ತ ಕೊನೆಗೆ ಇಲ್ಲವಾಗುತ್ತದೆ. ಆಗ ಬೇರಿಂಗು ಹಗಲಿರುಳೂ ಒತ್ತಿಕೊಂಡೇ ಇರುತ್ತದೆ, ಕ್ಲಚ್ಚೂ ಜಾರುತ್ತದೆ. ಕೇಬಲ್ಲಿನ ನಟ್ಟನ್ನು ತಿರುಗಿಸಿ ಇದನ್ನು ಸರಿಪಡಿಸಲು ಕೆಲವೇ ನಿಮಿಷ ಸಾಕು. ನನ್ನ ಕಾರಿಗೆ ಇದನ್ನೂ ಮಾಡಿ ನೋಡಿದ್ದಾಯಿತು, ಗರಗರ ತಗ್ಗಲಿಲ್ಲ. ಒಳಗಿನ ಗ್ರೀಸು ಒಣಗಿದ ಬೇರಿಂಗು ಅದು. ಸೀಲು ಮಾಡಿದ್ದರಿಂದ ಹೊರಗಿನಿಂದ ಗ್ರೀಸು ತುಂಬಲಾಗದು.

ಇಲ್ಲಿಂದ ಮುಂದಿನದು ಲೆಕ್ಕದ ಮಾತು. ಮೇಸ್ತ್ರಿ ಹೇಳಿದ ಪ್ರಕಾರ ಬೇರಿಂಗಿಗೆ ೮೦೦ ರೂಪಾಯಿ. ಪ್ಲೇಟು, ಪ್ರೆಷರ್ ಪ್ಲೇಟು ಎರಡಕ್ಕೂ ಸೇರಿ ೩೨೦೦. ಕೂಲಿ ೨೫೦೦. "ಗೇರ್‌ಬಾಕ್ಸ್ ಇಳಿಸೋದೇ ದೊಡ್ಡ ಕೆಲಸ ಮೇಷ್ಟ್ರೇ. ಒಳಗೆ ಕೈ ಹೋದ ಮೇಲೆ ಒಂದು ಹಾಕಿದ್ರೂ ಅಷ್ಟೇ, ಮೂರು ಹಾಕಿದ್ರೂ ಅಷ್ಟೇ" ಎಂದ. ಮುಂದಿನ ಚಕ್ರಗಳು ಎಳೆಯುವ ಕಾರುಗಳಲ್ಲಿ ಚಕ್ರಕ್ಕೆ ಹೋಗುವ ಆಕ್ಸಲ್ಲುಗಳನ್ನೂ ಕಳಚಿಯೇ ಗೇರ್‌ಬಾಕ್ಸನ್ನು ಇಳಿಸಬೇಕು. ಬೇರಿಂಗು ಮಾತ್ರ ಹಾಕಿದರೆ ೩೩೦೦. ಮೂರನ್ನೂ ಹಾಕಿದರೆ ೬೫೦೦. ಈಗ ಬೇರಿಂಗು ಹಾಕಿಸಿ, ಬರುವ ವರ್ಷ ಪ್ಲೇಟು ಹೋದರೆ ಮತ್ತೆ ೫೭೦೦, ಒಟ್ಟು ೯೦೦೦. ಒಂದೇ ಕೂಲಿಯನ್ನು ಎರಡು ಸಲ ತೆತ್ತಂತೆ.

ಲೆಕ್ಕ ಇಷ್ಟು ಸುಲಭವಾಗಿದ್ದರೆ ಈ ಭಾಷಣವೇ ಬೇಕಿರಲಿಲ್ಲ. ಕಾರಿಗೆ ಇನ್ನೆಷ್ಟು ಆಯುಷ್ಯ ಎಂಬ ಪ್ರಶ್ನೆ ನಡುವೆ ಬರುತ್ತದೆ. ೧೯೮೮ರ ಮೋಟಾರು ವಾಹನ ಕಾಯಿದೆಯಂತೆ ಖಾಸಗಿ ಕಾರಿನ ನೋಂದಣಿ ೧೫ ವರ್ಷಕ್ಕೆ ಸಿಂಧು. ಆಮೇಲೆ ಪರೀಕ್ಷೆಗೆ ಒಡ್ಡಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ೨೦೨೨ರ ಏಪ್ರಿಲ್ ೧ರಿಂದ ಕಾರುಗಳ ನವೀಕರಣ ಶುಲ್ಕ ೬೦೦ ರೂಪಾಯಿಯಿಂದ ೫೦೦೦ಕ್ಕೆ ಏರಿತು. ನನ್ನ ಕಾರಿಗೆ ಉಳಿದಿರುವುದು ಎರಡು ವರ್ಷ. ಅಷ್ಟರಲ್ಲಿ ಮಾರುವುದಾದರೆ, ಹೊಸ ಕ್ಲಚ್ಚು ಹಾಕಿದ್ದೇನೆಂದು ಕೊಳ್ಳುವವನು ಹೆಚ್ಚಿಗೆ ಕೊಡುವುದಿಲ್ಲ. ಸದ್ದಿದ್ದರೆ ಮಾತ್ರ ಕಡಮೆ ಕೇಳುತ್ತಾನೆ. ಹಳೆಯ ಕಾರಿನ ವ್ಯಾಪಾರದ ನ್ಯಾಯ ಇದು.

ನೆರೆಮನೆಯ ನಿವೃತ್ತ ಬ್ಯಾಂಕ್ ಅಧಿಕಾರಿಗಳ ವಾದ ಇನ್ನೂ ಸೂಕ್ಷ್ಮವಾದದ್ದು. "ನೀವು ಹೇಗೂ ಮೂರನ್ನೂ ಬದಲಾಯಿಸುವವರೇ ಆದರೆ ಕಾದರೆ ನಷ್ಟವೇನು ಸ್ವಾಮಿ? ಬೇರಿಂಗು ಪೂರ್ತಿ ಹೋಗಿ ಎಸಳು ತಿಂದರೆ ತಿನ್ನಲಿ. ಎಸೆಯುವ ಪ್ರೆಷರ್ ಪ್ಲೇಟು ತಾನೆ?" ಎಂದರು. ನನಗೆ ಇದು ಬಹುಮಟ್ಟಿಗೆ ಸರಿಯೆನ್ನಿಸಿತು. ಬೇರಿಂಗು ಚೂರಾದರೆ ಅದು ಜಾರಾಡುವ ನಳಿಗೆಗೂ ಪೆಟ್ಟು ಬೀಳಬಹುದೆಂಬುದನ್ನು ಬಿಟ್ಟರೆ, ಗರಗರ ಎನ್ನುವ ಬೇರಿಂಗು ತಿಂಗಳುಗಟ್ಟಲೆ ಓಡಿದ ನಿದರ್ಶನಗಳು ಬೇಕಾದಷ್ಟಿವೆ. ಊರೊಳಗೆ ತರಕಾರಿ ತರಲು, ಗ್ರಂಥಾಲಯಕ್ಕೆ ಹೋಗಲು ಕಾರನ್ನು ಬಳಸುವವರು, ಗ್ಯಾರೇಜು ಕೂಗಳತೆಯಲ್ಲಿರುವವರು, ಆ ಸದ್ದಿನೊಡನೆ ಒಪ್ಪಂದ ಮಾಡಿಕೊಂಡು ಇರಬಹುದು. ಕಾರನ್ನು ಕೆಲವೇ ತಿಂಗಳಲ್ಲಿ ಮಾರುವವರೂ ಅಷ್ಟೇ. ಆದರೆ ಕೊಳ್ಳುವವರಿಗೆ ಅದನ್ನು ಹೇಳಿಯೇ ಮಾರಬೇಕು.

ಆದರೆ ಆ ವಾದದಲ್ಲಿ ಒಂದು ಅಂಶಕ್ಕೆ ಎಡೆಯಿಲ್ಲ. ಬೇರಿಂಗು ಎಂದು ಹೋದೀತೆಂದು ಯಾರೂ ಹೇಳಲಾರರು. ಎಲ್ಲಿ ಹೋದೀತೆಂಬುದನ್ನು ಮಾತ್ರ ಊಹಿಸಬಹುದು. ಕ್ಲಚ್ಚನ್ನು ಹೆಚ್ಚು ತುಳಿಯುವ ಜಾಗದಲ್ಲಿಯೇ ಅದು ಹೋಗುವ ಸಂಭವ ಹೆಚ್ಚು. ನನಗೆ ಆ ಜಾಗ ಆಗುಂಬೆಯ ತಿರುವುಗಳು. ವರ್ಷಕ್ಕೆ ಸರಾಸರಿ ೭೦೦೦ ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಊರು ಅದು. ಮಂಜಿನಲ್ಲಿ, ಮೇಲಿನಿಂದ ಬರುವ ಬಸ್ಸಿಗೆ ದಾರಿ ಬಿಟ್ಟು, ತಿರುವಿನ ಕೊರಳಿನಲ್ಲಿ ನಿಂತು, ಮತ್ತೆ ಮೊದಲನೆಯ ಗೇರಿನಲ್ಲಿ ಹಾಫ್ ಕ್ಲಚ್ಚಿನ ಮೇಲೆ ಕಾರನ್ನು ಎತ್ತಬೇಕು. ಅಲ್ಲಿ ಕ್ಲಚ್ಚು ಬಿಡದೆ ಹೋದರೆ ಗೇರು ಬೀಳದು. ಬ್ರೇಕು ಹಿಡಿಯುತ್ತದೆ, ನಿಜ, ಕಾರು ಉರುಳಿಹೋಗುವುದಿಲ್ಲ. ಆದರೆ ಸಂಜೆಯ ಹೊತ್ತಿನಲ್ಲಿ, ಮಳೆಯಲ್ಲಿ, ಆಗಷ್ಟೇ ಕಣ್ಣಿಗೆ ಇಂಜೆಕ್ಷನ್ ಆದವರನ್ನು ಕೂರಿಸಿಕೊಂಡು ರಸ್ತೆಗೆ ಅಡ್ಡಲಾಗಿ ನಿಲ್ಲುವ ಬೆಲೆ ಎಷ್ಟೆಂದು ಬ್ಯಾಂಕಿನವರ ಲೆಕ್ಕದಲ್ಲಿ ಬರೆಯಲು ಕಾಲಮ್ಮಿಲ್ಲ. ಬಾಡಿಗೆ ಕಾರು ಹಿಡಿಯಬಹುದಲ್ಲ ಎಂದರೆ, ತಿಂಗಳು ತಿಂಗಳೂ ತೆರುವ ಆ ಬಾಡಿಗೆ ಕ್ಲಚ್ಚಿನ ಖರ್ಚನ್ನು ಬೇಗನೆ ಹಿಂದೆ ಹಾಕುತ್ತದೆ. ನನ್ನ ಪತ್ನಿ ಈ ಚರ್ಚೆಯನ್ನೆಲ್ಲ ಕೇಳಿ ಹೇಳಿದ್ದು ಒಂದೇ ಮಾತು: "ನನಗೆ ಕಣ್ಣು ಕಾಣದಿದ್ದರೂ ಕಿವಿ ಕೇಳ್ತದಲ್ಲ. ತಿರುವಿನಲ್ಲಿ ನೀವು ಕ್ಲಚ್ಚು ಒತ್ತಿದಾಗಲೆಲ್ಲ ನನ್ನ ಎದೆ ಹಾರ್ತದೆ." ಮಳೆಗಾಲಕ್ಕೆ ಮುಂಚೆಯೇ ಮೂರನ್ನೂ ಹಾಕಿಸಿಬಿಡುವುದೆಂದು ನಿಶ್ಚಯಿಸಿದೆ. ಎರಡು ವರ್ಷದ ಆಯುಷ್ಯಕ್ಕೆ ಇದು ದುಬಾರಿಯೇ. ದುಬಾರಿಯೆಂದು ತಿಳಿದೇ ಮಾಡಿಸಿದೆ.

ಹೀಗೆ ಮಾಡಿಸುವವರು ಕೆಲಸದ ದಿನ ಗ್ಯಾರೇಜಿನಲ್ಲಿ ಒಂದು ಗಳಿಗೆ ನಿಂತಿರುವುದು ಒಳ್ಳೆಯದು. ಗೇರ್‌ಬಾಕ್ಸ್ ಇಳಿದಾಗ ಫ್ಲೈವೀಲಿನ ಮೈಯಲ್ಲಿ ಆಳವಾದ ಗೀರುಗಳೋ, ಸುಟ್ಟು ನೀಲಿಯಾದ ಕಲೆಗಳೋ ಇದ್ದಾವೆಯೆ ನೋಡಬೇಕು. ಇದ್ದರೆ ಲೇತ್ ಅಂಗಡಿಗೆ ಕಳುಹಿಸಬೇಕಾದೀತು. ಎಂಜಿನ್ನಿನ ಹಿಂದಿನ ಆಯಿಲ್ ಸೀಲಿನಿಂದ ಎಣ್ಣೆ ಜಿನುಗುತ್ತಿದ್ದರೆ ಅದನ್ನು ಆಗಲೇ ಬದಲಾಯಿಸಬೇಕು. ಇಲ್ಲವಾದರೆ ಆ ಎಣ್ಣೆ ಹೊಸ ಪ್ಲೇಟನ್ನು ಕೆಡಿಸುತ್ತದೆ. ಕವಲು ಮತ್ತು ಕೇಬಲ್ಲಿನ ಸ್ಥಿತಿಯನ್ನೂ ಕೇಳಬೇಕು. ತೆಗೆದ ಹಳೆಯ ಭಾಗಗಳನ್ನು ತೋರಿಸೆಂದು ಹೇಳುವುದರಲ್ಲಿ ಸಂಕೋಚ ಬೇಡ. ನನ್ನ ಕಾರಿನ ಬೇರಿಂಗನ್ನು ಮೇಸ್ತ್ರಿ ಕೈಯಲ್ಲಿಟ್ಟ. ಬೆರಳಿನಿಂದ ತಿರುಗಿಸಿದಾಗ ಮರಳು ಸಿಕ್ಕಿದಂತೆ ತಡವರಿಸುತ್ತಿತ್ತು. ಪ್ಲೇಟು ಇನ್ನೂ ಸ್ವಲ್ಪ ಉಳಿದಿತ್ತು.

ಆ ಗೂಡಿನೊಳಗಿನ ಕಪ್ಪು ಧೂಳನ್ನು ಗಾಳಿ ಹಾಕಿ ಊದಲು ಬಿಡಬೇಡಿ. ಹಿಂದಿನ ಕಾಲದ ಕ್ಲಚ್ಚು, ಬ್ರೇಕುಗಳ ಹೊದಿಕೆಯಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಅದರ ಸೂಕ್ಷ್ಮ ಎಳೆಗಳು ಶ್ವಾಸಕೋಶವನ್ನು ಹೊಕ್ಕರೆ ವರ್ಷಗಳ ಮೇಲೆ ಕ್ಯಾನ್ಸರಿಗೂ ಕಾರಣವಾಗುತ್ತವೆ. ಹಳೆಯ ಗಾಡಿಯಲ್ಲಿ ಹಿಂದೆ ಯಾರು ಯಾವ ಪ್ಲೇಟು ಹಾಕಿದ್ದರೋ ಹೇಳಲಾಗದು. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಲಿ. ಮೇಸ್ತ್ರಿಯ ಬಳಿ ಕೆಲಸ ಕಲಿಯುವ ಹುಡುಗರನ್ನು ಆ ಹೊತ್ತಿಗೆ ದೂರ ನಿಲ್ಲಿಸಲಿ. ಹೊಸ ಪ್ಲೇಟು ಹಾಕಿಸಿದ ಮೇಲೆ ಮೊದಲ ಕೆಲವು ನೂರು ಕಿಲೋಮೀಟರುಗಳವರೆಗೆ ಏರಿನಲ್ಲಿ ಹಾಫ್ ಕ್ಲಚ್ಚಿನ ಮೇಲೆ ಕಾರನ್ನು ಹಿಡಿದು ನಿಲ್ಲಿಸದೆ ಹ್ಯಾಂಡ್‌ಬ್ರೇಕನ್ನು ಬಳಸಬೇಕು. ಗೇರು ಬದಲಾಯಿಸಿದ ಕೂಡಲೇ ಎಡಗಾಲನ್ನು ಪೆಡಲಿನಿಂದ ತೆಗೆದು ಪಕ್ಕದಲ್ಲಿಡಬೇಕು.