ಮಿತಾಹಾರವೂ ಮಲಬದ್ಧತೆಯೂ

'ಊಟ ಬಲ್ಲವನಿಗೆ ರೋಗವಿಲ್ಲ' ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಊಟ ಬಲ್ಲವನೆಂದರೆ ಹೆಚ್ಚು ಉಣ್ಣದವನು ಎಂದೇ ನಾವು ಬಹುಮಟ್ಟಿಗೆ ಅರ್ಥ ಮಾಡಿಕೊಂಡಿದ್ದೇವೆ. ಆದರೆ ಕಡಿಮೆ ಉಣ್ಣುವಾಗಲೂ ಏನನ್ನು ಉಣ್ಣಬೇಕು, ಏನನ್ನು ಬಿಡಬಾರದು ಎಂಬ ವಿವೇಕವೂ ಆ ಗಾದೆಯಲ್ಲಿ ಅಡಗಿದೆ. ಈ ವಿವೇಕ ತಪ್ಪಿದಾಗ ಆರೋಗ್ಯಕ್ಕೆಂದು ಕೈಗೊಂಡ ಪಥ್ಯವೇ ಹೊಸದೊಂದು ತೊಂದರೆಯನ್ನು ತಂದಿಡುತ್ತದೆ.

ಸಾಂಗಲಿ-ಮಿರಜ ಭಾಗದ ನಮ್ಮ ಮನೆಗಳಲ್ಲಿಯೂ ಇಂದು ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೊಣಕಾಲು ನೋವು ಸಾಮಾನ್ಯವಾಗಿವೆ. 'ತೂಕ ಇಳಿಸಿರಿ' ಎಂದು ವೈದ್ಯರು ಹೇಳುತ್ತಾರೆ. ಮರುದಿನದಿಂದಲೇ ರೊಟ್ಟಿ ಬಂದ್, ಅನ್ನ ಬಂದ್, ಎಣ್ಣೆ ಬಂದ್. ಬೆಳಗಿನ ಉಪಾಹಾರದ ಬದಲಿಗೆ ಬರಿಯ ಚಹಾ, ರಾತ್ರಿ ಎರಡು ಬಿಸ್ಕೀಟು. ಮೊದಲ ವಾರ ತೂಕದ ಮುಳ್ಳು ಇಳಿಯುತ್ತದೆ, ಮನಸ್ಸಿಗೆ ಉತ್ಸಾಹವಾಗುತ್ತದೆ. ಎರಡನೆಯ ವಾರಕ್ಕೆ ಹೊಟ್ಟೆಯುಬ್ಬರ, ಎದೆಯುರಿ, ತಲೆಭಾರ ತೋರುತ್ತವೆ. ಶೌಚ ಎರಡು ಮೂರು ದಿನಕ್ಕೊಮ್ಮೆ, ಅದೂ ಕಷ್ಟದಿಂದ ಆಗುತ್ತದೆ. ಇದನ್ನು ಯಾರಲ್ಲಿ ಹೇಳಿಕೊಳ್ಳುವುದೆಂಬ ಸಂಕೋಚದಿಂದ ಅಂಗಡಿಯಿಂದ ಯಾವುದೋ ಚೂರ್ಣವನ್ನು ತಂದು ನುಂಗುವವರೇ ಹೆಚ್ಚು. ಕೆಲವರು ಪಥ್ಯವನ್ನೇ ಕೈಬಿಡುತ್ತಾರೆ. ಇವೆರಡೂ ಸರಿಯಾದ ದಾರಿಗಳಲ್ಲ. ಹೀಗೇಕಾಗುತ್ತದೆ ಎಂಬುದನ್ನು ಅರಿತರೆ ಪರಿಹಾರವು ಬಹುಪಾಲು ನಮ್ಮ ಅಡುಗೆಮನೆಯಲ್ಲಿಯೇ ಇದೆ.

ಮಲಬದ್ಧತೆ ಎಂದರೇನು?

ದಿನಕ್ಕೊಮ್ಮೆ ಶೌಚವಾಗದಿದ್ದರೆ ರೋಗವೆಂದು ಭಾವಿಸುವುದು ಸರಿಯಲ್ಲ. ದಿನಕ್ಕೆ ಮೂರು ಸಲದಿಂದ ಹಿಡಿದು ವಾರಕ್ಕೆ ಮೂರು ಸಲದವರೆಗೆ, ಕಷ್ಟವಿಲ್ಲದೆ ಆಗುತ್ತಿದ್ದರೆ, ಅದು ಸಹಜವೇ ಸರಿ. ವಾರಕ್ಕೆ ಮೂರಕ್ಕಿಂತ ಕಡಿಮೆಯಾಗುವುದು, ಮಲವು ಗಟ್ಟಿಯಾಗಿ ಗಂಟುಗಂಟಾಗಿರುವುದು, ಮುಕ್ಕಬೇಕಾಗುವುದು, ಆದ ಮೇಲೂ ಪೂರ್ತಿ ಆಗಲಿಲ್ಲವೆಂಬ ಭಾವನೆ ಉಳಿಯುವುದು - ಇವು ಪದೇ ಪದೇ ಕಾಣಿಸಿದರೆ ಅದಕ್ಕೆ ಮಲಬದ್ಧತೆ ಎನ್ನಬಹುದು.

ನಾವು ಉಂಡ ಆಹಾರವು ಜಠರವನ್ನು ದಾಟಿ ಸುಮಾರು 6 ಮೀಟರ್ ಉದ್ದದ ಸಣ್ಣ ಕರುಳಿನಲ್ಲಿ ಜೀರ್ಣವಾಗುತ್ತದೆ. ಉಳಿದ ಭಾಗವು ತೆಳ್ಳಗಿನ ಗಂಜಿಯಂತೆ ಸುಮಾರು ಒಂದೂವರೆ ಮೀಟರ್ ಉದ್ದದ ದೊಡ್ಡ ಕರುಳನ್ನು ಸೇರುತ್ತದೆ. ದಿನಕ್ಕೆ ಸುಮಾರು ಒಂದೂವರೆ ಲೀಟರ್ ನೀರು ಹೀಗೆ ದೊಡ್ಡ ಕರುಳಿಗೆ ಬರುತ್ತದೆ. ಅದರ ಬಹುಭಾಗವನ್ನು ಅದು ಮರಳಿ ರಕ್ತಕ್ಕೆ ಹೀರಿಕೊಡುತ್ತದೆ. ಒಳಗಿರುವ ವಸ್ತು ಎಷ್ಟು ನಿಧಾನವಾಗಿ ಸಾಗುವುದೋ ಅಷ್ಟೂ ನೀರು ಹೀರಲ್ಪಟ್ಟು ಮಲವು ಅಷ್ಟಷ್ಟೇ ಗಟ್ಟಿಯಾಗುತ್ತದೆ. ಸಮಸ್ಯೆಯ ಮೂಲ ಇಲ್ಲಿದೆ.

ಪಥ್ಯದಲ್ಲಿ ಏಕೆ ಹೆಚ್ಚು?

ಮೊದಲನೆಯ ಕಾರಣ, ಗಾತ್ರದ ಕೊರತೆ. ಕರುಳಿನ ಗೋಡೆಯು ಒಳಗಿನ ವಸ್ತುವಿನ ಒತ್ತಡದಿಂದ ಹಿಗ್ಗಿದಾಗಲೇ ಅಲೆಅಲೆಯಾಗಿ ಸಂಕುಚಿಸಿ ಅದನ್ನು ಮುಂದೆ ತಳ್ಳುತ್ತದೆ. ಆಹಾರ ಕಡಿಮೆಯಾದರೆ ತಳ್ಳಲು ವಸ್ತುವೇ ಇರುವುದಿಲ್ಲ. ಅದರಲ್ಲೂ ರೊಟ್ಟಿ, ಕಾಳುಗಳನ್ನು ಬಿಟ್ಟು ಮೊಟ್ಟೆ, ಪನೀರು, ಮಾಂಸಗಳನ್ನಷ್ಟೇ ತಿನ್ನುವ ಪದ್ಧತಿಯಲ್ಲಿ ನಾರಿನ ಅಂಶ ತೀರ ಕಡಿಮೆಯಾಗುತ್ತದೆ.

ಎರಡನೆಯದು ನೀರು. ದೇಹದಲ್ಲಿ ಕೂಡಿಟ್ಟ ಸಕ್ಕರೆಯ ಅಂಶಕ್ಕೆ ಗ್ಲೈಕೋಜನ್ ಎನ್ನುತ್ತಾರೆ. ಒಂದು ಗ್ರಾಂ ಗ್ಲೈಕೋಜನ್ ತನ್ನೊಡನೆ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟಿರುತ್ತದೆ. ಪಥ್ಯದ ಮೊದಲ ದಿನಗಳಲ್ಲಿ ಇದು ಖರ್ಚಾಗಿ ನೀರು ಮೂತ್ರದಲ್ಲಿ ಹೊರಹೋಗುತ್ತದೆ. ಮೊದಲ ವಾರ ಇಳಿದ ತೂಕದಲ್ಲಿ ಕೊಬ್ಬಿಗಿಂತ ನೀರಿನ ಪಾಲೇ ದೊಡ್ಡದು. ಊಟದ ಮೂಲಕ ಬರುತ್ತಿದ್ದ ನೀರೂ ಕಡಿಮೆಯಾಗಿರುತ್ತದೆ. ಆಗ ನೀರು ಕುಡಿಯದಿದ್ದರೆ ಮಲ ಒಣಗುವುದು ಸಹಜ.

ಮೂರನೆಯದು ಬೆಳಗಿನ ಊಟವನ್ನು ಬಿಡುವುದು. ಜಠರಕ್ಕೆ ಆಹಾರ ಬಿದ್ದೊಡನೆ ದೊಡ್ಡ ಕರುಳಿಗೆ ಚಾಲನೆ ದೊರೆಯುವ ಒಂದು ಸಹಜ ಪ್ರತಿಕ್ರಿಯೆ ನಮ್ಮಲ್ಲಿದೆ. ಬೆಳಗಿನಲ್ಲಿ ಇದು ಹೆಚ್ಚು ಪ್ರಬಲ. ಉಪಾಹಾರ ಬಿಟ್ಟವರು ಈ ಅವಕಾಶವನ್ನೇ ಕಳೆದುಕೊಳ್ಳುತ್ತಾರೆ. ಮೇಲಾಗಿ ಬರಿ ಹೊಟ್ಟೆಯಲ್ಲಿ ಮತ್ತೆ ಮತ್ತೆ ಚಹಾ ಕುಡಿಯುವುದರಿಂದ ಹಲವರಲ್ಲಿ ಹುಳಿತೇಗು, ಎದೆಯುರಿ ಹೆಚ್ಚುತ್ತವೆ.

ಉಪವಾಸದ ತಟ್ಟೆ

'ಲಂಘನವೇ ಪರಮೌಷಧ' ಎಂಬ ಮಾತನ್ನು ಹಿಡಿದು ವಾರದಲ್ಲಿ ಒಂದೆರಡು ಉಪವಾಸ ಮಾಡಿ ತೂಕ ಇಳಿಸುವ ರೂಢಿಯೂ ಇದೆ. ಶ್ರದ್ಧೆಯ ಮಾತು ಬೇರೆ; ಆಹಾರದ ದೃಷ್ಟಿಯಿಂದ ನೋಡಿದರೆ ನಮ್ಮ ಏಕಾದಶಿ, ಸಂಕಷ್ಟಿಗಳ ತಟ್ಟೆಯಲ್ಲಿ ಇರುವುದೇನು? ಸಾಬೂದಾಣಿ ಖಿಚಡಿ, ಬಟಾಟೆ, ಹುರಿದ ಶೇಂಗಾ, ತುಪ್ಪ. 'ಏಕಾದಶಿ, ದುಪ್ಪಟ್ ಖಾಶಿ' ಎಂದು ನೆರೆಯ ಮರಾಠಿ ಬಂಧುಗಳು ನಗೆಯಾಡುವುದು ಇದಕ್ಕೇ. ಸಾಬೂದಾಣಿಯು ಗೆಣಸಿನ ಜಾತಿಯ ಬೇರಿನಿಂದ ತೆಗೆದ ಹಿಟ್ಟಿನ ಸತ್ವ. ಅದರಲ್ಲಿ ನಾರು ಇಲ್ಲವೆನ್ನುವಷ್ಟು ಕಡಿಮೆ. ಹೀಗಾಗಿ ಕ್ಯಾಲೊರಿಯೂ ಇಳಿಯದೆ, ಮಾರನೆಯ ದಿನ ಹೊಟ್ಟೆಯೂ ಕಟ್ಟಿಕೊಳ್ಳುತ್ತದೆ. ಉಪವಾಸ ಮಾಡಲೇಬೇಕೆನ್ನುವವರು ವರಿ ಅಕ್ಕಿ, ಗೆಣಸು, ಹಣ್ಣು, ಮಜ್ಜಿಗೆಗಳನ್ನು ಆರಿಸಿಕೊಳ್ಳುವುದು ಲೇಸು. ರಮಜಾನ್ ಉಪವಾಸದಲ್ಲಿಯೂ ಹಗಲೆಲ್ಲ ನೀರಿಲ್ಲದಿರುವುದರಿಂದ ರಾತ್ರಿಯ ವೇಳೆಯಲ್ಲಿ ನೀರು, ಹಣ್ಣು, ಕಾಳುಗಳ ಕಡೆಗೆ ಹೆಚ್ಚು ಗಮನ ಬೇಕು. ಸಕ್ಕರೆ ಕಾಯಿಲೆಯ ಔಷಧಿ ಸೇವಿಸುವವರು ವೈದ್ಯರನ್ನು ಕೇಳದೆ ಉಪವಾಸ ಮಾಡಬಾರದು.

ನಾರಿನ ಮಹತ್ವ

ಬ್ರಿಟಿಷ್ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್ ಯುಗಾಂಡದಲ್ಲಿ ಬಹುಕಾಲ ಸೇವೆ ಸಲ್ಲಿಸಿದವರು. ಅವರೂ ಅವರ ಸಂಗಡಿಗರೂ 1972ರಲ್ಲಿ ಪ್ರಕಟಿಸಿದ ಅಧ್ಯಯನವು ಲೋಕದ ಗಮನ ಸೆಳೆಯಿತು. ಒರಟು ಧಾನ್ಯ, ಕಾಳು, ಗೆಡ್ಡೆಗಳನ್ನು ತಿನ್ನುವ ಆಫ್ರಿಕದ ಹಳ್ಳಿಗರಲ್ಲಿ ಆಹಾರವು ಬಾಯಿಯಿಂದ ಹೊರಬೀಳುವವರೆಗಿನ ಅವಧಿಯು ಬಿಳಿ ಬ್ರೆಡ್ಡು ತಿನ್ನುವ ಇಂಗ್ಲಿಷರಲ್ಲಿನ ಅವಧಿಗಿಂತ ಬಹಳ ಕಡಿಮೆಯಿತ್ತು. ಮಲದ ತೂಕವೂ ಹಲವು ಪಟ್ಟು ಹೆಚ್ಚಾಗಿತ್ತು. ಜೀರ್ಣವಾಗದ ಕಸವೆಂದು ಕಡೆಗಣಿಸಿದ್ದ ನಾರಿಗೆ ಅಲ್ಲಿಂದ ಮಾನ್ಯತೆ ಬಂದಿತು. ನಾರು ನೀರನ್ನು ಹಿಡಿದಿಟ್ಟು ಮಲವನ್ನು ಮೃದುಗೊಳಿಸುತ್ತದೆ. ಕರುಳಿನೊಳಗಿನ ಉಪಕಾರಿ ಸೂಕ್ಷ್ಮಜೀವಿಗಳಿಗೆ ಆಹಾರವಾಗುತ್ತದೆ. ಹೊಟ್ಟೆ ತುಂಬಿದ ಭಾವನೆಯನ್ನೂ ಕೊಡುವುದರಿಂದ ಪಥ್ಯದವರಿಗೆ ಇಮ್ಮಡಿ ಲಾಭ.

ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದ್ದರೆ ಪಾಲಿಶ್ ಮಾಡಿದ ಅಕ್ಕಿಯಲ್ಲಿಯೂ ಮೈದಾದಲ್ಲಿಯೂ 3 ಗ್ರಾಂಗಿಂತ ಕಡಿಮೆ. ಇಡೀ ಹೆಸರುಕಾಳಿನಲ್ಲಿ 15 ಗ್ರಾಂಗಿಂತಲೂ ಹೆಚ್ಚು. ಚುರುಮುರಿಯ ಭಡಂಗ ಹಗುರ ತಿಂಡಿಯೆಂದು ಪಥ್ಯದವರು ನಂಬುವುದುಂಟು; ಅದು ತೂಕಕ್ಕೆ ಹಗುರ ನಿಜ, ಆದರೆ ಅದರಲ್ಲಿ ನಾರು ಅತ್ಯಲ್ಪ, ಎಣ್ಣೆ ಉಪ್ಪುಗಳು ಮಾತ್ರ ಸಾಕಷ್ಟು.

ನಮ್ಮ ರೊಟ್ಟಿಯ ತಟ್ಟೆ

2023ನೆಯ ವರ್ಷವನ್ನು ವಿಶ್ವಸಂಸ್ಥೆಯು ಅಂತರರಾಷ್ಟ್ರೀಯ ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಜತ್ತ ತಾಲೂಕಿನಿಂದ ವಿಜಯಪುರದವರೆಗಿನ ಎರೆಭೂಮಿಯ ಜನರಿಗೆ ಜೋಳದ ಹಿರಿಮೆಯನ್ನು ಹೊರಗಿನವರು ಹೇಳಬೇಕಾಗಿಲ್ಲ. ಇಲ್ಲಿ ಮರಾಠಿಯವರು ಭಾಕರಿ ಎಂದರೂ ಕನ್ನಡಿಗರು ರೊಟ್ಟಿ ಎಂದರೂ ತಟ್ಟೆಯ ಮೇಲಿರುವುದು ಒಂದೇ. ಪಥ್ಯವೆಂದು ಮೊಟ್ಟಮೊದಲು ಬಿಡುವುದು ಇದನ್ನೇ ಎಂಬುದು ವಿಷಾದದ ಸಂಗತಿ.

ಒಂದು ಸಣ್ಣ ಲೆಕ್ಕ ಹಾಕೋಣ. ದಿನಕ್ಕೆ ಎರಡು ಜೋಳದ ರೊಟ್ಟಿ, ಮೊಳಕೆ ಬರಿಸಿದ ಹೆಸರು ಇಲ್ಲವೆ ಮಡಿಕೆ ಕಾಳಿನ ಒಂದು ಬಟ್ಟಲು ಪಲ್ಯೆ, ಮೆಂತ್ಯೆ ಅಥವಾ ಪುಂಡಿಯಂಥ ತಪ್ಪಲ ಪಲ್ಯೆ ಒಂದು ಬಟ್ಟಲು, ಒಂದು ಪೇರಲ ಹಣ್ಣು - ಇಷ್ಟರಿಂದಲೇ 20ರಿಂದ 25 ಗ್ರಾಂ ನಾರು ದೊರೆಯುತ್ತದೆ. ಎಣ್ಣೆಯನ್ನು ಎರಡು ಚಮಚಕ್ಕೆ ಮಿತಗೊಳಿಸಿದರೆ ಇವೆಲ್ಲ ಸೇರಿ ಸುಮಾರು 600 ಕ್ಯಾಲೊರಿ. ಬೇಳೆ, ಮಜ್ಜಿಗೆ, ಹಾಲು, ಸ್ವಲ್ಪ ಅನ್ನಕ್ಕೆ ಇನ್ನೂ ಸಾಕಷ್ಟು ಅವಕಾಶ ಉಳಿಯಿತು. ಸವತೆಕಾಯಿ, ಗಜ್ಜರಿ, ಮೂಲಂಗಿಗಳನ್ನು ಹಸಿಯಾಗಿಯೇ ತಟ್ಟೆಯ ಅಂಚಿನಲ್ಲಿ ಇಟ್ಟುಕೊಳ್ಳಬಹುದು. ಅಗಸಿ ಚಟ್ನಿಯ ಒಂದು ಚಮಚೆಯೂ ಉಪಕಾರಿ. ತಾಸಗಾಂವ ಭಾಗದ ಒಣದ್ರಾಕ್ಷಿ ನಮ್ಮ ಜಿಲ್ಲೆಯ ಹೆಮ್ಮೆ; 2016ರಲ್ಲಿ ಸಾಂಗಲಿಯ ಒಣದ್ರಾಕ್ಷಿಗೆ ಭೌಗೋಳಿಕ ಮಾನ್ಯತೆ ದೊರೆತಿದೆ. ಹತ್ತು ಹನ್ನೆರಡು ಒಣದ್ರಾಕ್ಷಿಗಳನ್ನು ರಾತ್ರಿ ನೆನೆಯಿಟ್ಟು ಬೆಳಿಗ್ಗೆ ನೀರಿನ ಸಮೇತ ಸೇವಿಸಬಹುದು. ಸಕ್ಕರೆ ಕಾಯಿಲೆಯವರು ಇದನ್ನು ಲೆಕ್ಕದಲ್ಲಿಡಬೇಕು.

ಒಂದು ಎಚ್ಚರಿಕೆ: ನಾರನ್ನು ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆಯುಬ್ಬರ, ವಾಯು ತಪ್ಪಿದ್ದಲ್ಲ. ಎರಡು ಮೂರು ವಾರಗಳಲ್ಲಿ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಬೇಕು. ನಾರಿನೊಡನೆ ನೀರೂ ಹೆಚ್ಚಬೇಕು. ದಿನಕ್ಕೆ ಎಂಟು ಹತ್ತು ಲೋಟ ನೀರು ಸಾಮಾನ್ಯರಿಗೆ ಸಾಕು. ಬೇಸಿಗೆಯ ಬಿಸಿಲಿನಲ್ಲಿ ಇನ್ನಷ್ಟು ಬೇಕು. ಹೃದಯ, ಮೂತ್ರಪಿಂಡಗಳ ತೊಂದರೆಯಿರುವವರು ಮಾತ್ರ ವೈದ್ಯರು ಹೇಳಿದಷ್ಟೇ ಕುಡಿಯಬೇಕು.

ವೇಳೆ ಮತ್ತು ನಡಿಗೆ

ಬೆಳಗಿನ ಉಪಾಹಾರವಾದ ಅರ್ಧ ತಾಸಿನೊಳಗೆ, ಅವಸರವಿಲ್ಲದೆ, ಶೌಚಕ್ಕೆ ಕುಳಿತುಕೊಳ್ಳುವ ಅಭ್ಯಾಸ ಒಳ್ಳೆಯದು. ಕುಕ್ಕುರುಗಾಲಿನಲ್ಲಿ ಕೂರುವ ನಮ್ಮ ಹಳೆಯ ಪದ್ಧತಿಯಲ್ಲಿ ಮಲದ ದಾರಿ ನೇರವಾಗುತ್ತದೆ. ಕಮೋಡ್ ಬಳಸುವ ಹಿರಿಯರು ಪಾದಗಳ ಕೆಳಗೆ ಗಿಡ್ಡ ಮಣೆಯೊಂದನ್ನು ಇಟ್ಟುಕೊಂಡರೆ ಅದೇ ಅನುಕೂಲ ದೊರೆಯುತ್ತದೆ. ದಿನಕ್ಕೆ ಅರ್ಧ ತಾಸಿನ ನಡಿಗೆ ತೂಕಕ್ಕೂ ಕರುಳಿಗೂ ಹಿತ.

ಶಾಲೆಗೆ ಹೋಗುವ ಮಕ್ಕಳ ವಿಷಯವನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ತೆಳ್ಳಗಾಗಬೇಕೆಂದು ಉಪಾಹಾರ ಬಿಡುವ ಹದಿಹರೆಯದ ಹೆಣ್ಣುಮಕ್ಕಳು ಇಂದು ಕಡಿಮೆಯಿಲ್ಲ. ಶಾಲೆಯ ಶೌಚಾಲಯ ಸ್ವಚ್ಛವಿರದಿದ್ದರೆ ಅವರು ನೀರನ್ನೂ ಕುಡಿಯುವುದಿಲ್ಲ, ಬಂದ ವೇಗವನ್ನು ಸಂಜೆಯವರೆಗೆ ತಡೆಯುತ್ತಾರೆ. ಹೀಗೆ ದಿನವೂ ತಡೆದರೆ ಕರುಳು ಸೂಚನೆ ಕೊಡುವುದನ್ನೇ ಮರೆಯುತ್ತದೆ. ತಾವು ಕಲಿತ ಶಾಲೆಗೆ ಏನಾದರೂ ಕೊಡಬೇಕೆನ್ನುವ ಹಳೆಯ ವಿದ್ಯಾರ್ಥಿಗಳು ಶುಚಿಯಾದ ಶೌಚಾಲಯ ಮತ್ತು ನೀರಿನ ವ್ಯವಸ್ಥೆಯನ್ನು ನೆನೆಯಲಿ. ಬೆಳೆಯುವ ಮಕ್ಕಳಿಗೆ ಅದಕ್ಕಿಂತ ದೊಡ್ಡ ಕಾಣಿಕೆ ವಿರಳ.

ಔಷಧಿಗಳ ವಿಚಾರ

ಆಹಾರದಿಂದ ಗುಣ ಕಾಣದಿದ್ದರೆ ಇಸಬಗೋಲನ್ನು ಒಂದೆರಡು ಚಮಚೆ ತುಂಬಿದ ಲೋಟ ನೀರಿನಲ್ಲಿ ಕದಡಿ ತೆಗೆದುಕೊಳ್ಳಬಹುದು. ನೀರಿಲ್ಲದೆ ಬರಿದೇ ನುಂಗಿದರೆ ಗಂಟಲಿನಲ್ಲಿಯೋ ಕರುಳಿನಲ್ಲಿಯೋ ಗಂಟಾಗಿ ನಿಲ್ಲುವ ಅಪಾಯವಿದೆ. ಬೇರೆ ಔಷಧಿಗಳಿಗೂ ಇದಕ್ಕೂ ಎರಡು ತಾಸಿನ ಅಂತರವಿರಲಿ.

'ತೂಕ ಇಳಿಸುವ ಚಹಾ', 'ಹೊಟ್ಟೆ ಕರಗಿಸುವ ಚೂರ್ಣ' ಎಂದು ಮಾರುವ ಹಲವು ವಸ್ತುಗಳಲ್ಲಿ ಸೋನಾಮುಖಿಯಂಥ ಭೇದಿಯ ಔಷಧಿ ಇರುತ್ತದೆ. ಕ್ಯಾಲೊರಿಗಳು ಸಣ್ಣ ಕರುಳಿನಲ್ಲಿ ಆಗಲೇ ಹೀರಲ್ಪಟ್ಟಿರುತ್ತವೆ. ಭೇದಿಯಿಂದ ಹೋಗುವುದು ನೀರು ಮತ್ತು ಪೊಟ್ಯಾಸಿಯಂನಂಥ ಲವಣಗಳು. ಕೊಬ್ಬು ಇದ್ದಲ್ಲಿಯೇ ಇರುತ್ತದೆ. ಪೊಟ್ಯಾಸಿಯಂ ತೀರ ಇಳಿದರೆ ಸ್ನಾಯುಗಳು ನಿಶ್ಶಕ್ತವಾಗುವುದಲ್ಲದೆ ಹೃದಯದ ಬಡಿತವೂ ತಪ್ಪಬಹುದು. ಆದ್ದರಿಂದ ತೂಕ ಇಳಿಸಲೆಂದು ಭೇದಿಯ ಔಷಧಿಯನ್ನು ಎಂದಿಗೂ ಬಳಸಬಾರದು.

ಕಬ್ಬಿಣಾಂಶದ ಗುಳಿಗೆ, ಕ್ಯಾಲ್ಸಿಯಂ ಗುಳಿಗೆ, ಕೆಲವು ರಕ್ತದೊತ್ತಡದ ಮತ್ತು ನೋವಿನ ಔಷಧಿಗಳು ಮಲಬದ್ಧತೆಯನ್ನುಂಟುಮಾಡುತ್ತವೆ. ತೂಕ ಇಳಿಸಲು ಈಚೆಗೆ ಬಂದಿರುವ ಸೆಮಾಗ್ಲುಟೈಡ್‌ನಂಥ ಚುಚ್ಚುಮದ್ದುಗಳು ಜಠರದ ಚಲನೆಯನ್ನು ನಿಧಾನಗೊಳಿಸುವುದರಿಂದ ಅವುಗಳಲ್ಲಿಯೂ ಈ ತೊಂದರೆ ಸಾಮಾನ್ಯ. ಔಷಧಿಯನ್ನು ತಾವೇ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು. ಥೈರಾಯ್ಡ್ ಗ್ರಂಥಿಯ ಸ್ರಾವ ಕಡಿಮೆಯಾದಾಗ ತೂಕ ಏರುವುದು ಮತ್ತು ಮಲ ಕಟ್ಟುವುದು ಜೊತೆಜೊತೆಯಾಗಿಯೇ ಬರುತ್ತವೆ. ಅಂಥವರಿಗೆ ಬರಿಯ ಪಥ್ಯದಿಂದ ಪ್ರಯೋಜನವಿಲ್ಲ. ಒಂದು ರಕ್ತಪರೀಕ್ಷೆಯಿಂದ ನಿಜ ತಿಳಿಯುತ್ತದೆ.

ವೈದ್ಯರ ಬಳಿಗೆ ಯಾವಾಗ?

ಮಲದಲ್ಲಿ ರಕ್ತ, ಕಪ್ಪು ಮಲ, ಪ್ರಯತ್ನವಿಲ್ಲದೆಯೇ ಇಳಿಯುವ ತೂಕ, ರಕ್ತಹೀನತೆ, ನಡುವಯಸ್ಸಿನ ನಂತರ ಹೊಸದಾಗಿ ಬದಲಾದ ಶೌಚದ ಕ್ರಮ - ಇವುಗಳನ್ನು ಮೂಲವ್ಯಾಧಿಯೆಂದೋ ಪಥ್ಯದ ಪರಿಣಾಮವೆಂದೋ ತಳ್ಳಿಹಾಕಬಾರದು. ದೊಡ್ಡ ಕರುಳಿನ ಕ್ಯಾನ್ಸರು ಹೀಗೆಯೇ ಮೊದಲು ಕಾಣಿಸಿಕೊಳ್ಳಬಹುದು. ಬೇಗ ಗುರುತಿಸಿದರೆ ಗುಣಪಡಿಸಬಹುದಾದ ರೋಗ ಅದು. ಹೊಟ್ಟೆ ಊದಿ, ವಾಂತಿಯಾಗಿ, ವಾಯು ಕೂಡ ಹೊರಬೀಳದಿದ್ದರೆ ಅದು ತುರ್ತು ಪರಿಸ್ಥಿತಿ. ವಾರಕ್ಕೆ ಒಂದೂವರೆ ಕಿಲೋಗಿಂತ ವೇಗವಾಗಿ ತೂಕ ಇಳಿಸಿದವರಲ್ಲಿ ಪಿತ್ತಕೋಶದ ಕಲ್ಲುಗಳ ಸಂಭವ ಹೆಚ್ಚು. ಊಟದ ನಂತರ ಬಲಪಕ್ಕೆಯ ಕೆಳಗೆ ತೀವ್ರ ನೋವು ಬಂದರೆ ಅದನ್ನು ಅಜೀರ್ಣವೆಂದು ಸುಮ್ಮನಿರಬಾರದು. ವಾರಕ್ಕೆ ಅರ್ಧದಿಂದ ಒಂದು ಕಿಲೋ ಇಳಿಕೆ ಸಾಕು.

ಮಿರಜವು ವೈದ್ಯಕೀಯಕ್ಕೆ ಹೆಸರಾದ ಊರು. ಡಾ. ವಿಲಿಯಂ ವಾನ್ಲೆಸ್ 1894ರಲ್ಲಿ ಇಲ್ಲಿ ಆಸ್ಪತ್ರೆಯನ್ನು ತೆರೆದರು. 1962ರಲ್ಲಿ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯ ಆರಂಭವಾಯಿತು. ಬೆಳಗಾವಿ, ವಿಜಯಪುರ, ಬಾಗಲಕೋಟೆಗಳಿಂದ ಕನ್ನಡ ರೋಗಿಗಳು ತಲೆಮಾರುಗಳಿಂದ ಈ ಊರಿನ ವೈದ್ಯರನ್ನು ಹುಡುಕಿಕೊಂಡು ಬಂದಿದ್ದಾರೆ. ಇಂಥ ಊರಿನಲ್ಲಿ ವಾಸಿಸುವ ನಾವು ಬರಿಯ ಸಂಕೋಚದಿಂದ ರೋಗವನ್ನು ಬಚ್ಚಿಡುವುದು ತರವಲ್ಲ. ಮನೆಯ ಹಿರಿಯರು ಈ ವಿಷಯವನ್ನು ನಾಚಿಕೆಯಿಲ್ಲದೆ ಮಾತನಾಡಿದರೆ ಕಿರಿಯರೂ ಹೇಳಿಕೊಳ್ಳುತ್ತಾರೆ.

ತಟ್ಟೆಯಲ್ಲಿ ಎಣ್ಣೆ, ಸಕ್ಕರೆ, ಮೈದಾಗಳು ಕಡಿಮೆಯಾಗಲಿ. ರೊಟ್ಟಿ, ಕಾಳು, ತಪ್ಪಲ ಪಲ್ಯೆಗಳು ಉಳಿಯಲಿ. ನೀರು ಮತ್ತು ನಡಿಗೆ ಜೊತೆಗಿರಲಿ. ಹೀಗೆ ಮಾಡಿದ ಪಥ್ಯವು ವರ್ಷಗಟ್ಟಲೆ ನಡೆಯುತ್ತದೆ, ದೇಹಕ್ಕೂ ಹಿತವಾಗುತ್ತದೆ.