ಗುಡ್ಡದ ಮೇಲೊಂದು ವಿಶ್ವವಿದ್ಯಾನಿಲಯ: ಮಣಿಪಾಲದ ಕಥೆ

ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳು ಆಗಾಗ ಒಂದು ಪ್ರಶ್ನೆ ಕೇಳುವುದುಂಟು: “ಸರಕಾರದ ಯೂನಿವರ್ಸಿಟಿ ಸರಿ, ಖಾಸಗಿ ಯೂನಿವರ್ಸಿಟಿ ಎಂದರೇನು? ಅದಕ್ಕೆ ದುಡ್ಡು ಎಲ್ಲಿಂದ?” ಮಕ್ಕಳನ್ನು ಓದಿಸುವ ಹೊಣೆ ಹೊತ್ತ ನಮಗೆಲ್ಲ ಇದು ತಿಳಿಯತಕ್ಕ ವಿಷಯ. ಕನ್ನಡ ನಾಡಿನದೇ ಒಂದು ಉದಾಹರಣೆಯಿಂದ ಇದನ್ನು ವಿವರಿಸಲು ಯತ್ನಿಸುತ್ತೇವೆ.

ನಮ್ಮ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾನಿಲಯ 1918ರಲ್ಲಿ ನಿಜಾಮರ ಫರ್ಮಾನಿನಿಂದ ಹುಟ್ಟಿತು. ರಾಜ್ಯದ ಬೊಕ್ಕಸವೇ ಅದರ ಬೆನ್ನಿಗಿತ್ತು. ಉಡುಪಿಯ ಪಕ್ಕದ ಮಣಿಪಾಲಕ್ಕೆ ಅಂಥ ಬೊಕ್ಕಸವಿರಲಿಲ್ಲ. ಅದೊಂದು ಬೋಳು ಮುರಕಲ್ಲಿನ ಗುಡ್ಡ. ಅಲ್ಲಿಯ ‘ಮಣ್ಣ ಪಳ್ಳ’, ಅಂದರೆ ಮಣ್ಣಿನ ಕೆರೆ, ಎಂಬ ತುಳು ಮಾತಿನಿಂದಲೇ ಊರಿಗೆ ಆ ಹೆಸರು ಬಂತೆನ್ನುತ್ತಾರೆ.

ಈ ಗುಡ್ಡವನ್ನು ವಿದ್ಯಾಕ್ಷೇತ್ರವಾಗಿಸಿದವರು ಡಾಕ್ಟರ್ ಟಿ. ಎಂ. ಎ. ಪೈ (1898–1979). ಮದರಾಸಿನಲ್ಲಿ ವೈದ್ಯ ವಿದ್ಯೆ ಕಲಿತು ಊರಿಗೆ ಮರಳಿದವರು. 1925ರಲ್ಲಿ ಅಣ್ಣ ಉಪೇಂದ್ರ ಪೈ ಮತ್ತು ವಾಮನ ಕುಡ್ವರ ಜೊತೆಗೂಡಿ ಎಂಟು ಸಾವಿರ ರೂಪಾಯಿ ಬಂಡವಾಳದಿಂದ ಉಡುಪಿಯಲ್ಲಿ ಒಂದು ಬ್ಯಾಂಕು ಹೂಡಿದರು. ಕೈಮಗ್ಗದ ನೇಕಾರರಿಗೆ ನೆರವಾಗುವುದು ಅದರ ಉದ್ದೇಶ. 1928ರಲ್ಲಿ ಪಿಗ್ಮಿ ಠೇವಣಿ ಆರಂಭವಾಯಿತು. ಏಜೆಂಟರು ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯನ್ನೂ ಪಡೆದು ಲೆಕ್ಕಕ್ಕೆ ಬರೆದುಕೊಳ್ಳುತ್ತಿದ್ದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಈ ಸಂಸ್ಥೆ 1969ರಲ್ಲಿ ರಾಷ್ಟ್ರೀಕರಣಗೊಂಡು, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಹನಿಗೂಡಿದರೆ ಹಳ್ಳ ಎಂಬ ಪಾಠವನ್ನು ಪೈಯವರು ಇಲ್ಲಿ ಕಲಿತರು. ಅದನ್ನೇ ವಿದ್ಯೆಗೂ ಅನ್ವಯಿಸಿದರು.

1942ರಲ್ಲಿ ‘ಅಕಾಡೆಮಿ ಆಫ್ ಜನರಲ್ ಎಜುಕೇಶನ್’ ಸ್ಥಾಪನೆಯಾಯಿತು. 1949ರಲ್ಲಿ ಉಡುಪಿಗೆ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು ಬಂತು. ದೊಡ್ಡ ಸಾಹಸ 1953ರದು: ಕಸ್ತೂರ್ಬಾ ವೈದ್ಯಕೀಯ ಕಾಲೇಜು. ವೈದ್ಯ ಕಾಲೇಜೆಂದರೆ ಸರಕಾರವೇ ನಡೆಸಬೇಕೆಂದು ಜನ ನಂಬಿದ್ದ ಕಾಲ ಅದು. ಮೊದಲ ಪಾಠಗಳು ಗುಡ್ಡದ ಮೇಲೆ ನಡೆದವು; ರೋಗಿಗಳ ಬಳಿ ಕಲಿಯುವ ಪಾಠಕ್ಕೆ ಮಂಗಳೂರಿನ ಸರಕಾರಿ ವೆನ್‌ಲಾಕ್ ಆಸ್ಪತ್ರೆ ಒದಗಿತು. ದಕ್ಷಿಣ ಕನ್ನಡ ಆಗ ಮದರಾಸು ರಾಜ್ಯದಲ್ಲಿತ್ತು. ಆದರೂ ಕಾಲೇಜು ಸೇರಿದ್ದು ಮುಂಬಯಿ ರಾಜ್ಯದಲ್ಲಿದ್ದ ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯಕ್ಕೆ. ನಾಡು ಒಂದಾಗುವ ಮೊದಲೇ ವಿದ್ಯೆ ಗಡಿ ದಾಟಿತು! 1957ರಲ್ಲಿ ಇಂಜಿನಿಯರಿಂಗ್ ಕಾಲೇಜು, 1965ರಲ್ಲಿ ದಂತವೈದ್ಯ ಕಾಲೇಜು ತಲೆಯೆತ್ತಿದವು.

ಇಷ್ಟಾದರೂ ಅದು ವಿಶ್ವವಿದ್ಯಾನಿಲಯವಲ್ಲ. ಇನ್ನೊಂದಕ್ಕೆ ಸೇರಿದ ಕಾಲೇಜು ತಾನೇ ಪದವಿ ಕೊಡಲಾರದು. ಪಠ್ಯಕ್ರಮವೂ ಪರೀಕ್ಷೆಯೂ ಬೇರೆಯವರ ಕೈಯಲ್ಲಿ. 1956ರ ಯು.ಜಿ.ಸಿ. ಕಾಯಿದೆಯ 3ನೆಯ ಕಲಮಿನಂತೆ ಕೇಂದ್ರ ಸರಕಾರ ಒಂದು ಸಂಸ್ಥೆಯನ್ನು ‘ವಿಶ್ವವಿದ್ಯಾನಿಲಯವೆಂದು ಪರಿಗಣಿತ’ ಎಂದು ಸಾರಿದರೆ ಅದು ಸ್ವಂತ ಪದವಿ ಕೊಡಬಹುದು. ಮಣಿಪಾಲಕ್ಕೆ ಈ ಮನ್ನಣೆ ದೊರೆತದ್ದು 1993ರಲ್ಲಿ, ಸ್ಥಾಪಕರು ತೀರಿಕೊಂಡು ಹದಿನಾಲ್ಕು ವರ್ಷಗಳ ಮೇಲೆ. ಮಗ ರಾಮದಾಸ ಪೈಯವರ ಕಾಲದಲ್ಲಿ ಮಣಿಪಾಲದ ಹೆಸರು ಸಿಕ್ಕಿಂ, ನೇಪಾಳ, ಮಲೇಶಿಯ, ದುಬಾಯಿಗಳಿಗೂ ಹಬ್ಬಿತು.

ಇದು ಜಮೆಯ ಪುಟ. ಗಿರಣಿಯಲ್ಲಿ ಖಾತೆ ಬರೆಯುವ ನಮಗೆ ಖರ್ಚಿನ ಪುಟವನ್ನು ಬಿಡುವುದು ಸಲ್ಲದು. ಬೊಕ್ಕಸವಿಲ್ಲದ ಕಾಲೇಜು ವಿದ್ಯಾರ್ಥಿಗಳ ವಂತಿಗೆಯಿಂದಲೇ ಬೆಳೆಯಬೇಕಾಯಿತು. ಈ ದಾರಿಯನ್ನು ಮುಂದೆ ಅನೇಕರು ಹಿಡಿದರು. ಕೆಲವೆಡೆ ಅದು ವ್ಯಾಪಾರವೇ ಆಯಿತು. 1989ರಲ್ಲಿ ಕರ್ನಾಟಕ ಸರಕಾರ ಖಾಸಗಿ ವೈದ್ಯ ಕಾಲೇಜುಗಳಿಗೆ ಗೊತ್ತುಮಾಡಿದ ವಾರ್ಷಿಕ ಶುಲ್ಕ ನೋಡಿ: ಸರಕಾರಿ ಸೀಟಿಗೆ 2,000, ಉಳಿದ ಕರ್ನಾಟಕದವರಿಗೆ 25,000, ಹೊರಗಿನವರಿಗೆ 60,000 ರೂಪಾಯಿ. ಹೊಟ್ಟೆಪಾಡಿಗೆ ಗಡಿಯಾಚೆ ಬಂದು ನೆಲೆಸಿದವರ ಮಕ್ಕಳು ಯಾವ ಸಾಲಿನಲ್ಲಿ ನಿಲ್ಲಬೇಕಿತ್ತು? ಮನೆಯಲ್ಲಿ ಕನ್ನಡವಾಡಿದ ಮಾತ್ರಕ್ಕೆ ಶುಲ್ಕ ಇಳಿಯುವುದಿಲ್ಲ.

ಈ ಶುಲ್ಕದ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಕೊನೆಗೆ 2002ರಲ್ಲಿ, ಟಿ. ಎಂ. ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲೇ, ಹನ್ನೊಂದು ನ್ಯಾಯಾಧೀಶರ ಪೀಠ ತೀರ್ಪಿತ್ತಿತು: ಖಾಸಗಿಯವರು ಶಾಲೆ ಕಾಲೇಜು ಕಟ್ಟಬಹುದು, ಖರ್ಚಿಗೂ ಬೆಳವಣಿಗೆಗೂ ತಕ್ಕ ಶುಲ್ಕ ಪಡೆಯಬಹುದು, ಲಾಭಕೋರತನವೂ ಕ್ಯಾಪಿಟೇಶನ್ ವಸೂಲಿಯೂ ಕೂಡದು.

ಆದುದರಿಂದ ಬಂಧುಗಳೇ, ಮಕ್ಕಳನ್ನು ಇಂಥ ಸಂಸ್ಥೆಗೆ ಸೇರಿಸುವ ಮುನ್ನ ಮೂರು ಮಾತು ವಿಚಾರಿಸಿರಿ. ಯು.ಜಿ.ಸಿ. ಮನ್ನಣೆ ಇದೆಯೇ? ಒಂದು ವರ್ಷದ್ದಲ್ಲ, ಪೂರ್ಣ ವ್ಯಾಸಂಗದ ಶುಲ್ಕವೆಷ್ಟು? ವಿದ್ಯಾರ್ಥಿವೇತನವುಂಟೇ? ರಸೀತಿಯಿಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿರಿ. ಎರಡಾಣೆಗೂ ಲೆಕ್ಕ ಬರೆದಲ್ಲಿಂದ ಆರಂಭವಾದ ಕಥೆಯಿದು. ಕೊಟ್ಟ ದುಡ್ಡಿಗೆ ಲೆಕ್ಕ ಕೇಳಲು ನಾವೇಕೆ ನಾಚಬೇಕು?